ಕೋವಿಯ ಕಣ್ಣು

ಗಜೇಂದ್ರಗಡದ ಸೀಮೆಗೆ ಸೇರಿದ ರಾಜೂರ, ಅದರಾಚೆಯ ರೋಣ, ಇನ್ನೂ ಆಚೆಗೆ ನರಗುಂದದ ಗುಡ್ಡ. ಈ ಎರೆನೆಲದ ನಾಡಿನಲ್ಲಿ ಬಂದೂಕಿನ ಮಾತೆತ್ತಿದರೆ 1857-58ರ ದಿನಗಳು ನೆನಪಿಗೆ ಬಾರದೆ ಇರವು. ಅಪ್ಪಣೆಯಿಲ್ಲದೆ ಯಾರೂ ಆಯುಧವನ್ನು ಇಟ್ಟುಕೊಳ್ಳಕೂಡದೆಂದು 1857ರಲ್ಲಿ ಕಂಪೆನಿ ಸರ್ಕಾರವು ಕಾನೂನನ್ನು ಮಾಡಿತು. ಮುಧೋಳದ ಸಮೀಪದ ಹಲಗಲಿಯ ಬೇಡರು ಅದನ್ನು ಒಪ್ಪದೆ ಆ ವರ್ಷದ ನವೆಂಬರಿನಲ್ಲಿ ಎದುರುನಿಂತರು. ಅವರಲ್ಲಿ ಹಲವರು ನೇಣುಗಂಬವನ್ನೇರಿದರು. 1858ರ ಮೇ 29ರಂದು ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ ಹತನಾದನು. ಜೂನ್ 12ರಂದು ನರಗುಂದದ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು.

ಈ ಸಾಹಸವನ್ನು ಲಾವಣಿಕಾರರು ಹಾಡಿದ್ದಾರೆ, ಇತಿಹಾಸಕಾರರು ಬರೆದಿದ್ದಾರೆ. ಆದರೆ ಆ ಕಾಲದಿಂದ ಈಚೆಗೆ ಬಂದೂಕಿನ ಶಕ್ತಿಯನ್ನು ನಿರ್ಣಯಿಸಿದ ಒಂದು ಪುಟ್ಟ ಅಂಗದ ಕಡೆಗೆ ನಮ್ಮ ಗಮನವು ಹೋಗುವುದು ಅಪೂರ್ವ. ಅದು ನಳಿಗೆಯ ಮೇಲೆ ಕೂಡಿಸಿರುವ ಎರಡು ಲೋಹದ ತುಣುಕುಗಳು, ಎಂದರೆ ಗುರಿ ನೋಡುವ ಸಾಧನ. ನಾವು ಈಗ ವಿಚಾರಿಸಹೊರಟಿರುವುದು ಇದನ್ನೇ. ಬೇರೆ ಬೇರೆ ರೈಫಲ್ಲುಗಳಲ್ಲಿ ಇದರ ರೂಪವು ಬೇರೆ ಬೇರೆ. ಪ್ರತಿಯೊಂದು ರೂಪವೂ ಆಯುಧವನ್ನು ಹಿಡಿಯತಕ್ಕವನಲ್ಲಿ ಅದನ್ನು ಕೊಟ್ಟವನಿಗೆ ಎಷ್ಟು ನಂಬಿಕೆಯಿತ್ತೆಂಬುದನ್ನು ಹೇಳುತ್ತದೆ.

ನಳಿಗೆಯ ತುದಿಯಲ್ಲಿರುವ ಸಣ್ಣ ಮೊನೆಯನ್ನು ಮುಂಗುರಿಯೆಂದೂ, ಕಣ್ಣಿನ ಕಡೆಗಿರುವ ಕಚ್ಚನ್ನು ಅಥವಾ ರಂಧ್ರವನ್ನು ಹಿಂಗುರಿಯೆಂದೂ ಕರೆಯೋಣ. ಕಣ್ಣು, ಹಿಂಗುರಿ, ಮುಂಗುರಿ, ಲಕ್ಷ್ಯ, ಈ ನಾಲ್ಕೂ ಒಂದೇ ಗೆರೆಯಲ್ಲಿ ನಿಂತಾಗ ಗುರಿಯು ಸರಿಯಾಯಿತೆಂದು ಅರ್ಥ. ಕೇಳುವುದಕ್ಕೆ ಇದು ಸುಲಭ. ಆದರೆ ಗುಂಡು ನೆಟ್ಟಗಿನ ಗೆರೆಯಲ್ಲಿ ಹೋಗುವುದಿಲ್ಲ. ನಳಿಗೆಯನ್ನು ಬಿಟ್ಟ ಕ್ಷಣದಿಂದಲೇ, ಕೈಯಿಂದ ಜಾರಿದ ಕಲ್ಲಿನಂತೆ, ಅದು ನೆಲದ ಕಡೆಗೆ ಬೀಳತೊಡಗುತ್ತದೆ. 1871ರಲ್ಲಿ ಬ್ರಿಟಿಷ್ ಸೈನ್ಯಕ್ಕೆ ಬಂದ ಮಾರ್ಟಿನಿ-ಹೆನ್ರಿ ರೈಫಲ್ಲಿನ ಗುಂಡು ಸೆಕೆಂಡಿಗೆ ಸುಮಾರು 1350 ಅಡಿಯ ವೇಗದಿಂದ ಹೊರಡುತ್ತಿತ್ತು. ಅದು 100 ಗಜ ಹೋಗುವಷ್ಟರಲ್ಲಿ ಸುಮಾರು 10 ಅಂಗುಲ ಕೆಳಗಿಳಿಯುತ್ತದೆ. ಅನಂತರ ಬಂದ .303 ಲೀ-ಎನ್‌ಫೀಲ್ಡಿನ ಗುಂಡಿಗೆ ಸುಮಾರು 2440 ಅಡಿಯ ವೇಗ; ಅದು ಅಷ್ಟೇ ದೂರದಲ್ಲಿ ಸುಮಾರು 3 ಅಂಗುಲ ಮಾತ್ರ ಇಳಿಯುತ್ತದೆ. ದೂರವು ಹೆಚ್ಚಿದಂತೆ ಈ ಇಳಿತವು ಬಹು ಬೇಗನೆ ಬೆಳೆಯುತ್ತದೆ. ಆದುದರಿಂದ ದೂರದ ಲಕ್ಷ್ಯಕ್ಕೆ ನಳಿಗೆಯ ಮೂತಿಯನ್ನು ಸ್ವಲ್ಪ ಮೇಲಕ್ಕೆತ್ತಲೇಬೇಕು. ಎಷ್ಟು ಎತ್ತಬೇಕೆಂಬುದನ್ನು ಅಳೆದು ಕೊಡುವುದೇ ಹಿಂಗುರಿಯ ಮುಖ್ಯ ಕೆಲಸ. ಹಿಂಗುರಿಯನ್ನು ಏರಿಸಿದರೆ ಕಣ್ಣಿನ ಗೆರೆಯು ಲಕ್ಷ್ಯದ ಮೇಲೆಯೇ ನಿಲ್ಲುತ್ತದೆ, ನಳಿಗೆ ಮಾತ್ರ ಮೇಲೇಳುತ್ತದೆ.

ನಮ್ಮ ದೇಶದ ಹಳೆಯ ಬತ್ತಿಕೋವಿಗಳಲ್ಲಿಯೂ ಗುರಿಯ ಸಾಧನವಿಲ್ಲದೆ ಇರಲಿಲ್ಲ. ಅನೇಕ ಕೋವಿಗಳಿಗೆ ಮುಂದೆ ಒಂದು ಮಣಿ, ಹಿಂದೆ ಒಂದು ಕಚ್ಚು ಇರುತ್ತಿದ್ದುವು. ಆದರೆ ಅವು ಸ್ಥಿರವಾದುವು. ದೂರವು ಹೆಚ್ಚಾದರೆ ಎಷ್ಟು ಎತ್ತಿ ಹೊಡೆಯಬೇಕೆಂಬ ಲೆಕ್ಕವು ಬೇಟೆಗಾರನ ಅನುಭವದಲ್ಲಿ ಇರಬೇಕಾಗಿತ್ತೇ ಹೊರತು ಕೋವಿಯಲ್ಲಿ ಇರಲಿಲ್ಲ. 1853ರ ಎನ್‌ಫೀಲ್ಡ್ ರೈಫಲ್ಲು ಈ ಲೆಕ್ಕವನ್ನು ಲೋಹದ ಮೇಲೆ ಕೊರೆದಿಟ್ಟಿತು. ಅದರ ಹಿಂಗುರಿಯಲ್ಲಿ 100, 200, 300, 400 ಗಜಗಳಿಗೆ ಮೆಟ್ಟಿಲುಗಳಿದ್ದುವು. ಅದಕ್ಕಿಂತ ದೂರಕ್ಕೆ ಪುಟ್ಟದೊಂದು ಏಣಿಯನ್ನು ನೆಟ್ಟಗೆ ನಿಲ್ಲಿಸಿ, ಅದರ ಮೇಲೆ ಜಾರುವ ಪಟ್ಟಿಯನ್ನು 900 ಗಜದವರೆಗೂ, ಕೆಲವು ಮಾದರಿಗಳಲ್ಲಿ 1250 ಗಜದವರೆಗೂ ಏರಿಸಬಹುದಾಗಿತ್ತು. ನಳಿಗೆಯ ಒಳಮೈಯ ತಿರುಚುಗೀರುಗಳು ಗುಂಡನ್ನು ಬುಗುರಿಯಂತೆ ತಿರುಗಿಸಿ ದಾರಿ ತಪ್ಪದಂತೆ ಕಳುಹಿಸಿದರೆ, ಈ ಏಣಿಯು ಅದನ್ನು ಬೇಕಾದ ದೂರಕ್ಕೆ ಮುಟ್ಟಿಸಿತು. ಇವೆರಡರಲ್ಲಿ ಒಂದಿಲ್ಲದಿದ್ದರೆ ಇನ್ನೊಂದು ಅರ್ಧ ವ್ಯರ್ಥ.

ಈಗ ಹಿಂಗುರಿಯ ಆಕಾರಗಳನ್ನು ಹೋಲಿಸಿ ನೋಡೋಣ. ಮುಖ್ಯವಾಗಿ ಅವು ಎರಡು ಬಗೆ: ತೆರೆದ ಕಚ್ಚು ಮತ್ತು ರಂಧ್ರ. ಜರ್ಮನಿಯ 1898ರ ಮೌಸರ್ ರೈಫಲ್ಲಿನಲ್ಲಿ ಕಚ್ಚು ಇಂಗ್ಲಿಷಿನ 'ವಿ' ಅಕ್ಷರದಂತಿದ್ದು, ಮುಂಗುರಿಯು ಜವೆಗೋದಿಯ ಕಾಳಿನಂತೆ ಮೇಲಕ್ಕೆ ಚೂಪಾಗಿರುತ್ತದೆ. ಚೂಪು ತುದಿ ಸೂಕ್ಷ್ಮವಾದ ಗುರಿಗೆ ಒದಗುತ್ತದೆ ಎಂದು ತೋರುವುದು ಸಹಜ. ಆದರೆ ಮಬ್ಬುಬೆಳಕಿನಲ್ಲಿ ಆ ತುದಿಯೇ ಮೊದಲು ಮರೆಯಾಗುವುದರಿಂದ, ಸಿಪಾಯಿಯು ತನಗರಿಯದೆಯೇ ಮುಂಗುರಿಯನ್ನು ಹೆಚ್ಚಾಗಿ ಎತ್ತುತ್ತಾನೆ, ಗುಂಡು ಮೇಲೆ ಹಾರುತ್ತದೆ. ತಲೆ ಚಪ್ಪಟೆಯಾದ ನೆಟ್ಟ ತಗಡಿಗೆ ಈ ದೋಷವು ಕಡಿಮೆ. 1907ರಿಂದ ಬಳಕೆಗೆ ಬಂದ, ಬಂಗಾಳದ ಇಶಾಪುರದ ಕಾರ್ಖಾನೆಯಲ್ಲಿಯೂ ತಯಾರಾದ, ಮೂರನೆಯ ಮಾದರಿಯ ಲೀ-ಎನ್‌ಫೀಲ್ಡಿನಲ್ಲಿ ಇಂಥ ತಗಡೇ ಇದ್ದು, ಅದರ ಎರಡು ಪಕ್ಕಗಳಲ್ಲಿಯೂ ಪೆಟ್ಟು ತಗಲದಂತೆ ಕಾಪಾಡುವ ಕಿವಿಗಳಿವೆ.

ತೆರೆದ ಕಚ್ಚಿನಲ್ಲಿ ಒಂದು ತೊಡಕುಂಟು. ಮನುಷ್ಯನ ಕಣ್ಣು ಒಂದೇ ಕಾಲದಲ್ಲಿ ಒಂದು ದೂರವನ್ನು ಮಾತ್ರ ಸ್ಪಷ್ಟವಾಗಿ ಕಾಣಬಲ್ಲುದು. ಕಚ್ಚು, ಮೊನೆ, ಲಕ್ಷ್ಯ ಈ ಮೂರನ್ನೂ ಅದು ಒಟ್ಟಿಗೆ ಹಿಡಿಯಲಾರದು. ಮುಂಗುರಿಯನ್ನು ಸ್ಪಷ್ಟವಾಗಿ ನೋಡಿ, ಉಳಿದೆರಡನ್ನೂ ಕೊಂಚ ಮಸಕಾಗಿರಗೊಡಬೇಕೆಂಬುದು ಬಲ್ಲವರ ಬೋಧೆ. ವಯಸ್ಸು ನಲವತ್ತು ದಾಟಿದವರಿಗೆ ಹತ್ತಿರದ ವಸ್ತುಗಳು ಮಸುಕಾಗತೊಡಗುವುದರಿಂದ ಕಚ್ಚಿನ ತೊಡಕು ಮತ್ತಷ್ಟು ಹೆಚ್ಚುತ್ತದೆ. ರಂಧ್ರದ ಹಿಂಗುರಿಯು ಮೂರು ವಸ್ತುಗಳ ಕೆಲಸವನ್ನು ಎರಡಕ್ಕೆ ಇಳಿಸುತ್ತದೆ. ಕಣ್ಣಿಗೆ ಬಹು ಸಮೀಪದಲ್ಲಿರುವ ರಂಧ್ರವನ್ನು ನಾವು ನೋಡಬೇಕಾಗಿಯೇ ಇಲ್ಲ. ಅದರ ಮೂಲಕ ನೋಡಿದರೆ ಸಾಕು. ನಡುವೆ ಬೆಳಕು ಹೆಚ್ಚಾಗಿರುವ ಸ್ಥಳಕ್ಕೆ ಕಣ್ಣು ತಾನಾಗಿಯೇ ಹೋಗುತ್ತದೆ. ಅಲ್ಲದೆ ಕಿರಿದಾದ ರಂಧ್ರದ ಮೂಲಕ ನೋಡಿದಾಗ ಹತ್ತಿರದ್ದೂ ದೂರದ್ದೂ ಮೊದಲಿಗಿಂತ ನಿಚ್ಚಳವಾಗುತ್ತವೆ. ಕನ್ನಡಕವನ್ನು ಮರೆತವರು ಮುಷ್ಟಿಯ ಸಂದಿನಿಂದ ಅಕ್ಷರವನ್ನು ಓದುವುದು ಇದೇ ತತ್ತ್ವದಿಂದ.

ರಂಧ್ರವನ್ನು ಕಣ್ಣಿನ ಬಳಿಗೆ ತಂದುದರಿಂದ ಮತ್ತೊಂದು ಲಾಭವುಂಟಾಯಿತು. ಎರಡು ಗುರಿಗಳ ನಡುವಣ ಅಂತರವು ಹೆಚ್ಚಿದಷ್ಟೂ ತಪ್ಪು ಕಡಿಮೆ. ಮೇಲೆ ಹೇಳಿದ ಹಳೆಯ ಲೀ-ಎನ್‌ಫೀಲ್ಡಿನಲ್ಲಿ ಕಚ್ಚು ನಳಿಗೆಯ ಮೇಲೆ ಇರುವುದರಿಂದ ಈ ಅಂತರವು ಸುಮಾರು ಹತ್ತೊಂಬತ್ತೂವರೆ ಅಂಗುಲ. ಎರಡನೆಯ ಮಹಾಯುದ್ಧದಲ್ಲಿ ಹೆಸರಾದ ನಾಲ್ಕನೆಯ ನಂಬರಿನ ಲೀ-ಎನ್‌ಫೀಲ್ಡಿನಲ್ಲಿ ರಂಧ್ರವು ಹಿಂದಕ್ಕೆ ಸರಿದು ಅಂತರವು ಸುಮಾರು 29 ಅಂಗುಲವಾಯಿತು. 1914ರ ಮಾದರಿಯ ಎನ್‌ಫೀಲ್ಡಿನಲ್ಲಿ ಅದು ಹೆಚ್ಚುಕಡಿಮೆ 32 ಅಂಗುಲ. ಮುಂಗುರಿಯನ್ನು ಇಡುವುದರಲ್ಲಿ ಒಂದು ಅಂಗುಲದ ನೂರನೆಯ ಒಂದು ಪಾಲು ತಪ್ಪಾಯಿತೆನ್ನೋಣ. 200 ಗಜ ದೂರದಲ್ಲಿ ಆ ತಪ್ಪು ಮೊದಲನೆಯದರಲ್ಲಿ ಸುಮಾರು 3.7 ಅಂಗುಲ, ಎರಡನೆಯದರಲ್ಲಿ 2.5, ಮೂರನೆಯದರಲ್ಲಿ 2.25. ಕೈಯೂ ಕಣ್ಣೂ ಅವೇ. ಲೋಹದ ತುಣುಕನ್ನು ಸರಿಸಿದ ಮಾತ್ರದಿಂದಲೇ ಇಷ್ಟು ವ್ಯತ್ಯಾಸ.

ಹಾಗಾದರೆ ರಂಧ್ರವೇ ಸರ್ವೋತ್ತಮವೆ? ಹಾಗೆ ಹೇಳಲಾಗದು. ಸಂಜೆಯ ಹೊತ್ತಿನಲ್ಲಿ ಕಿರಿಯ ರಂಧ್ರವು ಕತ್ತಲೆಯ ಗವಿಯಾಗುತ್ತದೆ. ಮಳೆಯ ಹನಿಯೋ ಕೆಸರೋ ತುಂಬಿದರೆ ಕುರುಡಾಗುತ್ತದೆ. ಪೊದೆಯಿಂದ ಥಟ್ಟನೆ ಹಾರುವ ಪ್ರಾಣಿಗೆ ತೆರೆದ ಕಚ್ಚೇ ಅನುಕೂಲ. ಹಾರುವ ಲಕ್ಷ್ಯಕ್ಕೆ ಚಿಲ್ಲು ಹೊಡೆಯುವ ಹನ್ನೆರಡು ಬೋರಿನ ಕೋವಿಯಲ್ಲಿಯಾದರೋ ಹಿಂಗುರಿಯೇ ಸಾಮಾನ್ಯವಾಗಿ ಇಲ್ಲ. ಮುಂದೆ ಒಂದು ಮಣಿ ಮಾತ್ರ. ಅಲ್ಲಿ ಹೊಡೆಯುವವನ ಕಣ್ಣೇ ಹಿಂಗುರಿ. ಹಿಡಿಯ ಮರವು ಅವನ ಕೆನ್ನೆಗೂ ತೋಳಿಗೂ ಹೊಂದಿದರೆ ಕಣ್ಣು ಪ್ರತಿಸಲವೂ ಒಂದೇ ಸ್ಥಳದಲ್ಲಿ ನಿಲ್ಲುತ್ತದೆ, ಹೊಂದದಿದ್ದರೆ ಪ್ರತಿಸಲವೂ ಬೇರೆ.

ಗಜಗಳ ಗುರುತುಗಳೂ ಒಂದು ಕಥೆಯನ್ನು ಹೇಳುತ್ತವೆ. 1907ರ ಲೀ-ಎನ್‌ಫೀಲ್ಡಿನ ಪಕ್ಕದಲ್ಲಿ, ತಂಡವಾಗಿ ಹೊಡೆಯುವುದಕ್ಕೆಂದು, 2800 ಗಜದವರೆಗಿನ ಇನ್ನೊಂದು ಗುರಿಯಿತ್ತು. ಮೊದಲನೆಯ ಮಹಾಯುದ್ಧದ ನಡುವೆ ಅದನ್ನು ತೆಗೆದುಬಿಟ್ಟರು. ಮುಖ್ಯ ಹಿಂಗುರಿಯ ಗುರುತು 2000 ಗಜಕ್ಕೆ ನಿಂತಿತ್ತು. ನಾಲ್ಕನೆಯ ನಂಬರಿನದು 1300 ಗಜಕ್ಕೆ ಇಳಿಯಿತು. 1960ರ ದಶಕದಲ್ಲಿ ಇಶಾಪುರದಲ್ಲಿ ತಯಾರಾದ 7.62ರ 2ಎ1 ರೈಫಲ್ಲಿನಲ್ಲಿ 800 ಮೀಟರು. ಅನಂತರ ನಮ್ಮ ಸೈನ್ಯವು ಬಹುಕಾಲ ಹಿಡಿದ ಸ್ವಯಂಭರ್ತಿ ರೈಫಲ್ಲಿನಲ್ಲಿ 600. ಆಯುಧವು ದುರ್ಬಲವಾದುದರಿಂದ ಹೀಗಾದುದಲ್ಲ. ಕಣ್ಣಿನ ಮಿತಿಯನ್ನು ಜನರು ತಿಳಿದುಕೊಂಡುದರಿಂದ. ಅಂಗುಲದ ಹದಿನಾರನೆಯ ಒಂದು ಪಾಲು ಅಗಲದ ಮುಂಗುರಿಯು ಕಣ್ಣಿಗೆ ಒಂದು ಗಜ ದೂರದಲ್ಲಿದ್ದರೆ, ಅದು 300 ಗಜದಲ್ಲಿ ಸುಮಾರು 19 ಅಂಗುಲವನ್ನು, ಎಂದರೆ ಒಬ್ಬ ಮನುಷ್ಯನ ಭುಜದಷ್ಟು ಅಗಲವನ್ನು ಮರೆಮಾಡುತ್ತದೆ. 2000 ಗಜದಲ್ಲಿ ಒಬ್ಬ ಮನುಷ್ಯನನ್ನು ಅದರಿಂದ ಆರಿಸಿ ಹೊಡೆಯುವ ಮಾತು ಬರಿಯ ಮಾತೇ ಸರಿ.

ಈಗ 1858ಕ್ಕೆ ಹಿಂದಿರುಗೋಣ. ದಂಗೆಯು ಅಡಗಿದ ಮೇಲೆ ಬ್ರಿಟಿಷರು ಭಾರತೀಯ ಸಿಪಾಯಿಗಳಿಗೆಂದು ಒಂದು ಹೊಸ ಬಂದೂಕನ್ನು ಮಾಡಿಸಿದರು. ಹೊರನೋಟಕ್ಕೆ ಅದು ಎನ್‌ಫೀಲ್ಡ್ ರೈಫಲ್ಲೇ. ಅದೇ ಮರ, ಅದೇ ಕುದುರೆ, ಅದೇ ಉದ್ದ. ಆದರೆ ನಳಿಗೆಯೊಳಗಿನ ಗೀರುಗಳು ಇರಲಿಲ್ಲ. ಏಣಿಯ ಹಿಂಗುರಿಯ ಬದಲಿಗೆ ಕದಲದ ಒಂದು ಕಚ್ಚು ಇತ್ತು. ಪಕ್ಕದಲ್ಲಿ ನಿಂತ ಗೋರಾ ಸಿಪಾಯಿಯು ಹಲವು ನೂರು ಗಜಗಳಾಚೆಗೆ ಲೆಕ್ಕಹಾಕಿ ಹೊಡೆಯಬಲ್ಲವನಾಗಿದ್ದಾಗ, ಭಾರತೀಯ ಸಿಪಾಯಿಯು ಮತ್ತೆ ಬತ್ತಿಕೋವಿಯ ಕಾಲದ ದೂರಕ್ಕೆ ತಳ್ಳಲ್ಪಟ್ಟನು. ಹಲಗಲಿಯವರಿಂದ ಕೇಳಿದುದು ಕೋವಿಯನ್ನೇ. ಸಿಪಾಯಿಯಿಂದ ತೆಗೆದುಕೊಂಡುದು ಕೋವಿಯ ಕಣ್ಣನ್ನು. ಎರಡಕ್ಕೂ ಕಾರಣವು ಒಂದೇ ಅವಿಶ್ವಾಸ.

ನಂಬಿಕೆಯಿದ್ದೆಡೆಯಲ್ಲಿ ನೀತಿಯೂ ಬೇರೆಯಾಗಿತ್ತು. 1861ರಲ್ಲಿ ಮಾರ್ಕ್ ಕಬ್ಬನ್ನನು ಕೊಡವರನ್ನು ನಿರಾಯುಧೀಕರಣದ ಕಾನೂನಿನಿಂದ ಬಿಡುಗಡೆ ಮಾಡಿದನು. ಸ್ವತಂತ್ರ ಭಾರತವೂ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆ ವಿನಾಯಿತಿಯನ್ನು ಮುಂದುವರಿಸಿತು. 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಲಾಯಿತು. ಕೊಡಗಿನಲ್ಲಿ ಸೆಪ್ಟೆಂಬರ್ ತಿಂಗಳ ಮೊದಲಲ್ಲಿ ನಡೆಯುವ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಹೂವನ್ನು ಮುಡಿಸಿ ಪೂಜಿಸುತ್ತಾರೆ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯಗಳನ್ನು ನಡೆಸುತ್ತಾರೆ. ಅಲ್ಲಿ ಲಕ್ಷ್ಯವು ಶತ್ರುವಲ್ಲ, ಕಾಯಿ. ಪರೀಕ್ಷೆಯಾಗುವುದು ಕಣ್ಣು, ಉಸಿರು, ಬೆರಳಿನ ಸಂಯಮ.

ಇಂದು ಸೈನಿಕರ ರೈಫಲ್ಲುಗಳ ಮೇಲೆ ಗಾಜಿನ ದೂರದರ್ಶಕಗಳು ಬಂದಿವೆ. ಆದರೂ ಒಲಿಂಪಿಕ್ ಕ್ರೀಡೆಯ ರೈಫಲ್ ಸ್ಪರ್ಧೆಗಳಲ್ಲಿ ದೂರದರ್ಶಕವು ನಿಷಿದ್ಧ. ಅಲ್ಲಿ ಹಿಂದೆ ರಂಧ್ರ, ಮುಂದೆ ಒಂದು ಬಳೆ. 10 ಮೀಟರು ದೂರದಲ್ಲಿ ಅರ್ಧ ಮಿಲಿಮೀಟರಿನ ಚುಕ್ಕೆಗೆ ಹತ್ತು ಅಂಕ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಅವರು ಭಾರತಕ್ಕೆ ಸುವರ್ಣಪದಕವನ್ನು ತಂದುದು ಇಂಥ ಗುರಿಯಿಂದಲೇ. ಒಂದು ಕಾಲದಲ್ಲಿ ಈ ದೇಶದವನ ಕೈಗೆ ಕೊಡಲು ಹೆದರಿ ಕಳಚಿಟ್ಟ ಲೋಹದ ತುಣುಕು ಇಷ್ಟೇ ಸಣ್ಣದು. ಅದರ ಬೆಲೆಯನ್ನು ಕಳಚಿದವರು ಚೆನ್ನಾಗಿ ಬಲ್ಲವರಾಗಿದ್ದರು. ನಾವೂ ಬಲ್ಲವರಾಗುವುದು ಯುಕ್ತ.