ತಾರಸಿಯ ಮೇಲೊಂದು ಬಸಳೆ ಚಪ್ಪರ

ಕಲ್ಯಾಣದಿಂದ ಮುಂಬಯಿಯ ಕಡೆಗೆ ಹೊರಡುವ ಲೋಕಲ್ ಗಾಡಿಯಲ್ಲಿ ಕಿಟಕಿಯ ಬದಿಯ ಸ್ಥಳ ದೊರೆಯುವುದು ಪೂರ್ವಜನ್ಮದ ಸುಕೃತವೆಂದೇ ಹೇಳಬೇಕು. ಆ ಸುಕೃತವು ಒದಗಿದ ದಿನ ನಮ್ಮ ಗುಮಾಸ್ತ ಬಂಧುಗಳು ಪತ್ರಿಕೆಯನ್ನು ಮಡಿಸಿ ಹೊರಗೆ ಕಣ್ಣು ಹಾಯಿಸಿದಾಗ, ಹಳಿಗಳ ಮಗ್ಗುಲಿನ ಇಕ್ಕಟ್ಟಾದ ನೆಲದಲ್ಲಿ ಅಲ್ಲಲ್ಲಿ ಪಾಲಕ, ಮೂಲಂಗಿ, ಬೆಂಡೆಗಳ ಹಸುರು ಮಡಿಗಳನ್ನು ಕಂಡಿರಬಹುದು. ಮಡಿಯ ನಡುವೆ ಸೊಂಟ ಬಗ್ಗಿಸಿ ಕಳೆ ಕೀಳುತ್ತಿರುವ ಮನುಷ್ಯನು ಗಾಡಿಯ ಕಡೆಗೆ ತಲೆಯೆತ್ತಿಯೂ ನೋಡುವುದಿಲ್ಲ. ಗಾಡಿಯೊಳಗಿನ ನಾವು ಮಾತ್ರ ಅವನನ್ನು ಕಂಡು ಒಂದು ಕ್ಷಣ ಊರಿನ ಹಿತ್ತಿಲಿಗೆ ಹೋಗಿ ಬರುತ್ತೇವೆ.

ಈ ಬೇಸಾಯ ಕದ್ದು ಮಾಡಿದ್ದಲ್ಲ. ಖಾಲಿ ಬಿದ್ದ ನೆಲವನ್ನು ತನ್ನ ಕೆಳದರ್ಜೆಯ ನೌಕರರಿಗೆ ಪರವಾನಗಿಯ ಮೇಲೆ ಸಾಗುವಳಿಗೆ ಕೊಡುವ ‘ಹೆಚ್ಚು ಆಹಾರ ಬೆಳೆಯಿರಿ’ ಎಂಬ ಯೋಜನೆಯೊಂದನ್ನು ರೈಲ್ವೆಯವರು ಬಹುಕಾಲದಿಂದ ನಡೆಸಿಕೊಂಡು ಬಂದವರು. ಆದರೆ ಅಲ್ಲಿಯ ಸೊಪ್ಪಿಗೆ ಹಾಯುವ ನೀರು ಚರಂಡಿಯದು ಎಂಬ ದೂರೂ ಅಷ್ಟೇ ಹಳೆಯದು. ಕಣ್ಣಿಗೆ ತಂಪಾದುದು ಹೊಟ್ಟೆಗೂ ತಂಪಾಗಬೇಕೆಂಬ ನಿಯಮವಿಲ್ಲವಷ್ಟೆ. ಹಾಗಾದರೆ, ಯಾವ ನೀರಿನಿಂದ ಬೆಳೆಯಿತೆಂದು ತಿಳಿದ ಒಂದು ಹಿಡಿ ಸೊಪ್ಪನ್ನಾದರೂ ನಾವೇ ಬೆಳೆದುಕೊಳ್ಳಲು ಶಕ್ಯವೇ? ಡೊಂಬಿವಲಿಯ ನಾಲ್ಕನೆಯ ಮಾಳಿಗೆಯ ಖೋಲಿಯಲ್ಲಿ, ಠಾಣೆಯ ಚಾಳಿನಲ್ಲಿ, ನವಿ ಮುಂಬಯಿಯಲ್ಲಿ ಸಿಡ್ಕೊದವರು ಕಟ್ಟಿಸಿದ ಸಣ್ಣ ಮನೆಯಲ್ಲಿ?

ಈ ಪ್ರಶ್ನೆಯನ್ನು ಕೇಳಿದೊಡನೆ ನಮ್ಮವರು ಕೊಡುವ ಉತ್ತರ ಒಂದೇ: ‘ಮಣ್ಣೆಲ್ಲಿದೆ ಮಾರಾಯರೇ?’

ಮಣ್ಣು ಇರುವುದಿಲ್ಲ, ನಿಜ. ಅದನ್ನು ಮಾಡಿಕೊಳ್ಳಬೇಕು. ಮಾಡಿಕೊಳ್ಳಬಹುದೆಂಬುದನ್ನು ಬಾಂದ್ರಾದ ಡಾ. ಆರ್. ಟಿ. ದೋಶಿಯವರು ತಮ್ಮ ಮನೆಯ ತಾರಸಿಯ ಮೇಲೆಯೇ ತೋರಿಸಿಕೊಟ್ಟರು. ರಸ ಹಿಂಡಿದ ಮೇಲೆ ಅಂಗಡಿಯವನು ಎಸೆಯುವ ಕಬ್ಬಿನ ಸಿಪ್ಪೆಯನ್ನು ಪ್ಲಾಸ್ಟಿಕ್ ಚೀಲಗಳಲ್ಲಿಯೂ ಪೀಪಾಯಿಗಳಲ್ಲಿಯೂ ತುಂಬಿ, ಮೇಲೆ ಸ್ವಲ್ಪವೇ ಗೊಬ್ಬರದ ಮಣ್ಣನ್ನು ಹರಡಿ, ಅದರಲ್ಲಿ ಹಣ್ಣು ತರಕಾರಿಗಳನ್ನು ಬೆಳೆದರು. ಅವರಿಂದ ಪ್ರೇರಣೆ ಪಡೆದವರಲ್ಲಿ ಶ್ರೀಮತಿ ಪ್ರೀತಿ ಪಾಟೀಲರೊಬ್ಬರು. ಈ ಮಹಿಳೆಯ ಕೆಲಸವನ್ನು ನಮ್ಮ ಹೋಟೆಲಿನ ಬಂಧುಗಳು ವಿಶೇಷವಾಗಿ ಗಮನಿಸಬೇಕೆಂಬುದು ನನ್ನ ಆಸೆ. ಏಕೆಂದರೆ ಅವರು ಕೃಷಿಪಂಡಿತರಾಗಿರಲಿಲ್ಲ. ಮುಂಬಯಿ ಬಂದರಿನ, ಅಂದಿನ ಹೆಸರಿನಲ್ಲಿ ಹೇಳುವುದಾದರೆ ಮುಂಬಯಿ ಪೋರ್ಟ್ ಟ್ರಸ್ಟಿನ, ಕ್ಯಾಂಟೀನು ವಿಭಾಗದ ಅಧಿಕಾರಿಯಾಗಿದ್ದರು. ಎಂದರೆ, ಅನ್ನ ಸಾರುಗಳ ಲೆಕ್ಕ ನೋಡುವ ನಮ್ಮದೇ ಕಸುಬಿನವರು.

ಬಂದರಿನ ಸಾವಿರಾರು ಕೆಲಸಗಾರರಿಗೆ ಅಡಿಗೆಯಾಗುತ್ತಿದ್ದ ಆ ಕೇಂದ್ರ ಪಾಕಶಾಲೆಯಲ್ಲಿ ದಿನನಿತ್ಯವೂ ತರಕಾರಿಯ ಸಿಪ್ಪೆ ರಾಶಿ ಬೀಳುತ್ತಿತ್ತು. ಅದನ್ನು ಹೊರಗೆ ಸಾಗಿಸುವುದಕ್ಕಿಂತ ಮೇಲಕ್ಕೆ ಸಾಗಿಸಿದರೇನೆಂದು ಅವರಿಗೆ ತೋರಿತು. 2002ರ ಸುಮಾರಿಗೆ ಅದೇ ಪಾಕಶಾಲೆಯ ತಾರಸಿಯ ಮೇಲೆ, ಸುಮಾರು 3000 ಚದರಡಿಯ ಸ್ಥಳದಲ್ಲಿ, ಅಡಿಗೆಯ ಸಿಬ್ಬಂದಿಯನ್ನೇ ಜೊತೆಗೂಡಿಸಿಕೊಂಡು ತೋಟವನ್ನು ಆರಂಭಿಸಿದರು. ಕೆಳಗೆ ಹೆಚ್ಚಿದ ತರಕಾರಿಯ ಸಿಪ್ಪೆ ಮೇಲೇರಿ ಗೊಬ್ಬರವಾಯಿತು. ಆ ಗೊಬ್ಬರದಲ್ಲಿ ಬದನೆ, ಟೊಮೆಟೊ, ಸೊಪ್ಪುಗಳಷ್ಟೇ ಅಲ್ಲದೆ ಪೇರಳೆ, ಚಿಕ್ಕು, ಬಾಳೆಗಳಂತಹ ಹಣ್ಣಿನ ಗಿಡಗಳೂ ಎದ್ದವು. ಕೊಲ್ಹಾಪುರದ ಕಡೆಯ ಶ್ರೀಪಾದ ದಾಭೋಳಕರರೆಂಬ ಗಣಿತದ ಅಧ್ಯಾಪಕರು ರೈತರೊಡನೆ ಕೂಡಿ ನಡೆಸಿದ ಪ್ರಯೋಗಗಳ ತಿಳಿವಳಿಕೆಯೂ ಈ ತೋಟಕ್ಕೆ ಒದಗಿತು. ಎಲೆಯ ಮೇಲೆ ಬಿದ್ದ ಬಿಸಿಲನ್ನು ಪೈಸೆ ಪೈಸೆಯಾಗಿ ಲೆಕ್ಕವಿಡಬೇಕೆಂಬುದು ಆ ಗಣಿತಜ್ಞರ ವಾದ. ಗಲ್ಲೆಯ ಮೇಲೆ ಕುಳಿತವರಿಗೆ ಈ ಮಾತು ಸುಲಭವಾಗಿ ಅರ್ಥವಾದೀತು. ಮುಂದೆ 2009ರಲ್ಲಿ ಪ್ರೀತಿ ಪಾಟೀಲರು ‘ಅರ್ಬನ್ ಲೀವ್ಸ್’ ಎಂಬ ಸಂಸ್ಥೆಯನ್ನು ಕಟ್ಟಿ ನಗರದ ಇತರರಿಗೂ ಈ ವಿದ್ಯೆಯನ್ನು ಹಂಚಿದರು.

ಇದನ್ನೆಲ್ಲ ಇಷ್ಟು ವಿಸ್ತಾರವಾಗಿ ಹೇಳಲು ಕಾರಣವುಂಟು. ಕಲ್ಯಾಣದ ವಾಚಕರಿಗೆ ಆಧಾರವಾಡಿಯ ಹೆಸರು ಹೊಸದಲ್ಲ. ನಾವು ಹೋಟೆಲಿನ ಹಿಂಬಾಗಿಲಿನಿಂದ ಹೊರಗಿಟ್ಟ ಬಾಲ್ದಿಗಳೂ, ಮನೆಯ ಬಾಗಿಲಲ್ಲಿಟ್ಟ ಚೀಲಗಳೂ ವರ್ಷಾನುವರ್ಷ ಹೋಗಿ ಬಿದ್ದು ಗುಡ್ಡವಾದ ಸ್ಥಳವದು. ಬೇಸಿಗೆಯಲ್ಲಿ ಅದಕ್ಕೆ ಬೆಂಕಿ ಹತ್ತಿಕೊಂಡು, ಹೊಗೆಯು ಸುತ್ತಲಿನ ವಸತಿಗಳನ್ನು ಕವಿಯುತ್ತಿದ್ದುದನ್ನು ಅಲ್ಲಿಯವರು ಮರೆತಿರಲಾರರು. ಹೋಟೆಲುಗಳು ತಮ್ಮ ಕಸವನ್ನು ಮೂಲದಲ್ಲಿಯೇ ಹಸಿ ಒಣ ಎಂದು ಬೇರ್ಪಡಿಸತಕ್ಕದ್ದೆಂದು 2016ರ ಘನತ್ಯಾಜ್ಯ ನಿಯಮಗಳು ವಿಧಿಸಿದವು. ಕಲ್ಯಾಣ-ಡೊಂಬಿವಲಿ ಮಹಾನಗರಪಾಲಿಕೆಯು 2020ರಲ್ಲಿ ಹಸಿಕಸವನ್ನು ಬೇರೆಯಾಗಿಯೇ ಸಂಗ್ರಹಿಸುವ ಕಟ್ಟುನಿಟ್ಟಿನ ಚಳವಳಿಯನ್ನು ಹೂಡಿ, 2021ರಲ್ಲಿ ಆಧಾರವಾಡಿಗೆ ಕಸ ಸುರಿಯುವುದನ್ನು ನಿಲ್ಲಿಸಿತು. ಆ ಗುಡ್ಡದಲ್ಲಿ ಹೊತ್ತಿ ಉರಿದುದರಲ್ಲಿ ಒಂದು ಪಾಲು ತೋಟವಾಗಬಹುದಾಗಿದ್ದ ಮಣ್ಣು ಎಂಬ ವಿಚಾರ ಬಂದಾಗ ಮನಸ್ಸು ಮುದುಡುತ್ತದೆ. ಹಟ್ಟಿಗೊಬ್ಬರದ ಗುಂಡಿಗೆ ಒಂದು ತರಗೆಲೆಯನ್ನೂ ಬಿಡದೆ ಗುಡಿಸಿ ಹಾಕುತ್ತಿದ್ದ ತಾಯಂದಿರ ಮಕ್ಕಳು ನಾವು.

ಇಷ್ಟು ಹೇಳಿದ ಮೇಲೆ ನನ್ನ ಸ್ವಂತದ ಪರಾಭವವನ್ನೂ ಒಪ್ಪಿಕೊಳ್ಳುವುದು ನ್ಯಾಯ. ಕೆಲವು ವರ್ಷಗಳ ಹಿಂದೆ ಡೊಂಬಿವಲಿಯ ನಮ್ಮ ಖೋಲಿಯ ಗ್ಯಾಲರಿಯಲ್ಲಿ ಈ ಲೇಖಕನು ಗೊಬ್ಬರ ಮಾಡಹೊರಟನು. ತೂತಿಲ್ಲದ ಒಂದು ಬಾಲ್ದಿ. ಅದರೊಳಗೆ ತರಕಾರಿಯ ಸಿಪ್ಪೆ, ಹಳಸಿದ ಅನ್ನ, ತಳದಲ್ಲಿ ಉಳಿದ ಸಾಂಬಾರು ಎಲ್ಲವನ್ನೂ ಸುರಿದು ಮುಚ್ಚಳ ಬಿಗಿದದ್ದಾಯಿತು. ಐದನೆಯ ದಿನಕ್ಕೆ ಹುಳು. ಏಳನೆಯ ದಿನಕ್ಕೆ ಗ್ಯಾಲರಿಯ ಬಾಗಿಲು ತೆರೆಯಲಾಗದಂತಹ ನಾತ. ಕೆಳಗಿನ ಮಾಳಿಗೆಯ ಮರಾಠಿ ಮುದುಕಿ ಮೆಟ್ಟಿಲೇರಿ ಬಂದಾಗ, ಜಗಳವೇ ಆಗುವುದೆಂದು ನಾವು ತಲೆತಗ್ಗಿಸಿ ನಿಂತೆವು. ಆಕೆ ಬಾಲ್ದಿಯೊಳಗೆ ಇಣಿಕಿ, ‘ಅಣ್ಣಾ, ಇದಕ್ಕೆ ಉಸಿರೆಲ್ಲಿದೆ? ಒಣಗಿದ ಎಲೆಯೆಲ್ಲಿದೆ?’ ಎಂದು ಕೇಳಿದಳು. ರತ್ನಾಗಿರಿಯ ಕಡೆಯವಳಂತೆ. ಅವಳ ಹಿತ್ತಿಲೂ ನಮ್ಮ ಹಿತ್ತಿಲೂ ಒಂದೇ ಕಡಲಿನ ಗಾಳಿಗೆ ಬೆಳೆದವು. ಆ ರಾತ್ರಿ ಬಾಲ್ದಿಯನ್ನು ಹೊತ್ತು ಕೆಳಗಿಳಿಸಿದ ಪ್ರಸಂಗವನ್ನು ಇಲ್ಲಿ ವರ್ಣಿಸುವುದಿಲ್ಲ. ವಾಚಕರು ಊಟದ ಹೊತ್ತಿನಲ್ಲಿ ಓದುತ್ತಿರಬಹುದು.

ಆ ಮುದುಕಿ ಕಲಿಸಿದ ಪಾಠವಿಷ್ಟೆ. ಪಾತ್ರೆಯ ತಳಕ್ಕೂ ಮಗ್ಗುಲಿಗೂ ತೂತು ಬೇಕು. ಒಂದು ಹಿಡಿ ಹಸಿಸಿಪ್ಪೆಗೆ ಒಂದೆರಡು ಹಿಡಿ ಒಣಗಿದ್ದು, ಎಂದರೆ ತರಗೆಲೆ, ತೆಂಗಿನ ನಾರಿನ ಪುಡಿ, ಇಲ್ಲವೇ ಚೆನ್ನಾಗಿ ಒಣಗಿಸಿದ ಕಬ್ಬಿನ ಸಿಪ್ಪೆ ಸೇರಬೇಕು. ವಾರಕ್ಕೆರಡು ಬಾರಿ ಕೋಲಿನಿಂದ ತಿರುವಬೇಕು. ಹಿಂಡಿದರೆ ನೀರು ತೊಟ್ಟಿಕ್ಕುವಷ್ಟು ಒದ್ದೆಯೂ ಬೇಡ, ಹುಡಿ ಹಾರುವಷ್ಟು ಒಣಗಲೂ ಬೇಡ. ಬೇಯಿಸಿದ್ದು, ಉಪ್ಪು ಎಣ್ಣೆ ತಗಲಿದ್ದು ಅದಕ್ಕೆ ಸಲ್ಲದು. ನಾತ ಬಂದರೆ ಗಾಳಿ ಸಾಲದೆಂದು ತಿಳಿದು ಒಣ ಎಲೆಯನ್ನು ಹೆಚ್ಚಿಸಬೇಕು. ಎರಡು ಮೂರು ತಿಂಗಳಲ್ಲಿ ಸಿಪ್ಪೆಯ ಗುರುತೇ ಉಳಿಯದೆ, ಮೊದಲ ಮಳೆ ಬಿದ್ದ ನೆಲದಂತೆ ಪರಿಮಳಿಸುವ ಕಪ್ಪು ಹುಡಿ ಕೈಗೆ ಬರುತ್ತದೆ. ಆ ಹುಡಿಯನ್ನು ಮೊದಲ ಸಲ ಅಂಗೈಯಲ್ಲಿ ಹಿಡಿದಾಗ ಆದ ಸಂತೋಷವು ಮೊದಲ ಸಂಬಳದ ದಿನದ ಸಂತೋಷಕ್ಕೆ ಕಡಿಮೆಯದಾಗಿರಲಿಲ್ಲ.

ಇನ್ನು ಕುಂಡದ ಮಾತು. ಅಂಗಡಿಯ ಚಿತ್ತಾರದ ಕುಂಡಗಳಿಗೆ ಹಣ ಸುರಿಯಬೇಕಾದುದಿಲ್ಲ. ಹೋಟೆಲಿನಲ್ಲಿ ಬರಿದಾದ ಎಣ್ಣೆಯ ಡಬ್ಬ ನಮ್ಮವರಿಗೆ ಸದಾ ಸಿಗುವ ವಸ್ತು. ತಳಕ್ಕೆ ಮೊಳೆಯಿಂದ ಏಳೆಂಟು ತೂತು ಹೊಡೆದರೆ ಅದೇ ಕುಂಡ. ಒಂದೆರಡು ಮಳೆಗಾಲ ಕಳೆದರೆ ತುಕ್ಕು ಹಿಡಿಯುವುದೊಂದೇ ದೋಷ. ಆದರೆ ಬರಿಯ ಮಣ್ಣನ್ನು ತುಂಬಕೂಡದು. ಒಂದು ಘನ ಅಡಿ ಒದ್ದೆ ಮಣ್ಣು 45ರಿಂದ 50 ಕಿಲೋಗ್ರಾಮು ತೂಗುತ್ತದೆ; ಹಳೆಯ ಕಟ್ಟಡಗಳ ಸಜ್ಜಾಗಳಿಗೆ ಆ ಭಾರ ಅಪಾಯಕರ. ಮಣ್ಣು ಒಂದು ಪಾಲು, ಗೊಬ್ಬರ ಒಂದು ಪಾಲು, ನಾರಿನ ಪುಡಿ ಒಂದು ಪಾಲು ಸೇರಿಸಿದರೆ ಹಗುರವೂ ಹೌದು, ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಮೇ ತಿಂಗಳಲ್ಲಿ ನಳದ ನೀರಿಗೆ ಕೊರತೆಯಾದಾಗ ಅಕ್ಕಿ ಬೇಳೆ ತೊಳೆದ ನೀರೇ ಸಾಕು. ಊರಿನಲ್ಲಿ ಕಲಗಚ್ಚು ಹಸುವಿಗೆ, ಇಲ್ಲಿ ಬಸಳೆಗೆ! ಕುಂಡದ ಅಡಿಯ ತಟ್ಟೆಯಲ್ಲಿ ಮಾತ್ರ ನೀರು ನಿಲ್ಲಗೊಡಬಾರದು. ಮೊಟ್ಟೆಯಿಂದ ಸೊಳ್ಳೆಯಾಗಲು ವಾರ ಹತ್ತು ದಿನ ಸಾಕು. ಡೆಂಗಿ ಜ್ವರವು ಇವನು ತೋಟಗಾರ, ಇವನು ಅಲ್ಲ ಎಂದು ನೋಡುವುದಿಲ್ಲ.

ಏನನ್ನು ನೆಡಬೇಕೆಂಬುದನ್ನು ಬಿಸಿಲೇ ನಿಶ್ಚಯಿಸುತ್ತದೆ. ಉತ್ತರದ ಕಿಟಕಿಯವರು ಬದನೆಯ ಆಸೆಯನ್ನು ಬಿಟ್ಟು ಒಂದೆಲಗ, ಪುದೀನ, ವೀಳ್ಯದೆಲೆಗಳಲ್ಲಿ ತೃಪ್ತಿ ಪಡಬೇಕು. ದಿನಕ್ಕೆ ನಾಲ್ಕೈದು ತಾಸು ಬಿಸಿಲು ಬೀಳುವಲ್ಲಿ ಹರಿವೆ, ಬಸಳೆ, ಅಲಸಂಡೆಗಳು ಬಂದಾವು. ಹರಿವೆಯಂತೂ ಬಿತ್ತಿದ ಒಂದು ತಿಂಗಳೊಳಗೆ ಪಲ್ಯಕ್ಕಾಗುತ್ತದೆ. ಬೀಜಕ್ಕೂ ದಂಟಿಗೂ ಊರಿಗೇ ಬರೆದು ತರಿಸಬೇಕೆಂದು ಕೆಲವರು ತಿಳಿದಿರುವುದುಂಟು. ಹೆಸರು ಬೇರೆಯಾದುದರಿಂದ ಹುಟ್ಟಿದ ಭ್ರಮೆಯದು. ನಮ್ಮ ಬಸಳೆಯೇ ಇಲ್ಲಿಯ ಮಾಯಾಳು. ಪತ್ರೊಡೆಯ ಕೆಸುವೇ ಅಳುವಡಿಯ ಅಳು. ಆಟಿ ತಿಂಗಳಲ್ಲಿ ತುಳುವರು ಮನೆಯಲ್ಲಿ ನೆನೆಯುವ ತಜಂಕ್ ಸೊಪ್ಪು ಇಲ್ಲಿ ಟಾಕಳಾ ಎಂಬ ಹೆಸರಿನಿಂದ, ಮಳೆಗಾಲದ ಆರಂಭದಲ್ಲಿ, ಆದಿವಾಸಿ ಹೆಂಗಸರ ಬುಟ್ಟಿಗಳಲ್ಲಿ ಪೇಟೆಗೆ ಬರುತ್ತದೆ. ಪೇಟೆಯಿಂದ ಒಂದು ಕಟ್ಟು ಮಾಯಾಳುವನ್ನು ತಂದು, ಎಲೆಯನ್ನು ಹುಳಿಗೆ ಹಾಕಿ, ಎರಡು ಮೂರು ಗಂಟುಗಳಿರುವ ಗೇಣುದ್ದದ ಬಲಿತ ದಂಟನ್ನು ಡಬ್ಬದಲ್ಲಿ ಊರಿದರೆ ಅದೇ ಬಳ್ಳಿಯಾಗಿ ಹಬ್ಬುತ್ತದೆ.

ಇದರಿಂದ ತರಕಾರಿಯ ಖರ್ಚು ಅರ್ಧವಾಗುವುದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಮೂರು ಡಬ್ಬಗಳ ಬಸಳೆಯಿಂದ ವಾರಕ್ಕೊಂದು ಹುಳಿಯಾದೀತು, ಅಷ್ಟೇ. ಆದರೆ ಹಗಲೆಲ್ಲ ಅಂಕೆಗಳನ್ನು ಬರೆದು ಬರೆದು ಬೇಸತ್ತ ಗುಮಾಸ್ತನು ರಾತ್ರಿ ಒಂಬತ್ತಕ್ಕೆ ಮನೆ ಸೇರಿ, ಬೂಟು ಬಿಚ್ಚುವ ಮೊದಲೇ ಗ್ಯಾಲರಿಗೆ ಹೋಗಿ ಹೊಸ ಕುಡಿ ಎಷ್ಟು ಬೆರಳು ಮೇಲೇರಿತೆಂದು ನೋಡುವುದುಂಟಲ್ಲ, ಅದನ್ನು ಖರ್ಚಿನ ಪುಸ್ತಕದ ಯಾವ ಪಂಕ್ತಿಯಲ್ಲಿ ಬರೆಯೋಣ?

ಹೋಟೆಲಿನಲ್ಲಿಯೇ ಉಂಡು ಹೋಟೆಲಿನಲ್ಲಿಯೇ ಮಲಗುವ ನಮ್ಮ ಹುಡುಗರ ಸಂಗತಿ ಇಷ್ಟು ಸುಲಭವಲ್ಲ. ಅವರಿಗೆ ಸ್ವಂತದ ಕಿಟಕಿಯೇ ಇಲ್ಲ. ಆದರೂ ಕಟ್ಟಡಕ್ಕೊಂದು ತಾರಸಿಯುಂಟು. ಅದರ ಬೀಗದ ಕೈ ಧಣಿಗಳ ಬಳಿಯಲ್ಲೋ ಸೊಸಾಯಿಟಿಯ ಸೆಕ್ರೆಟರಿಯವರ ಬಳಿಯಲ್ಲೋ ಇರುತ್ತದೆ. ಧಣಿಗಳಲ್ಲಿ ನನ್ನದೊಂದು ಸವಿನಯ ಪ್ರಾರ್ಥನೆ: ಹೇಗೂ ಹಸಿಕಸವನ್ನು ಬೇರೆ ಬಾಲ್ದಿಗೆ ಹಾಕಿಸುತ್ತಿದ್ದೀರಿ. ನೀರು ಇಳಿಯದಂತೆ ತಾರಸಿಯನ್ನು ಭದ್ರಪಡಿಸಿ, ಸೊಸಾಯಿಟಿಯ ಒಪ್ಪಿಗೆಯನ್ನು ಬರಹದಲ್ಲಿ ಪಡೆದು, ಆ ಬಾಲ್ದಿಗಳಲ್ಲೊಂದು ಮೇಲಕ್ಕೆ ಹೋಗುವಂತೆ ಮಾಡಬಾರದೇ? ಬಂದರಿನ ಪಾಕಶಾಲೆಯಲ್ಲಿ ಅಡಿಗೆಯವರ ಕೈಗಳೇ ತೋಟವನ್ನು ಎಬ್ಬಿಸಿದವು. ನಿಮ್ಮಲ್ಲಿರುವ ಹುಡುಗರಲ್ಲಿ ಬಹುಮಂದಿ ಗದ್ದೆಯ ಅಂಚಿನಲ್ಲಿ ನಡೆಯಲು ಕಲಿತವರು. ಮಧ್ಯಾಹ್ನದ ಗಿರಾಕಿ ಇಳಿದ ಮೇಲೆ ಸಂಜೆಯ ಚಹಕ್ಕೆ ಮೊದಲು ಸಿಗುವ ಎರಡು ತಾಸಿನ ವಿರಾಮದಲ್ಲಿ ಅವರು ಮೊಬಾಯಿಲನ್ನು ನೋಡುತ್ತಾ ಮಲಗಿರುತ್ತಾರೆ. ಅದರಲ್ಲಿ ಅರ್ಧ ತಾಸನ್ನು ಕರಿಬೇವಿನ ಗಿಡಕ್ಕೆ ಕೊಡಲು ಅವರು ಒಲ್ಲೆನೆನ್ನಲಾರರು. ಒಗ್ಗರಣೆಗೆ ತಾಜಾ ಎಸಳು ನಿಮಗೇ ದೊರೆಯುವುದು.

ಬೇಸಿಗೆಯ ರಜೆಯಲ್ಲಿ ಊರಿಗೆ ಹೋದವರು ಹಿಂದಿರುಗುವ ಕಾಲದಲ್ಲಿ ಮತ್ಸ್ಯಗಂಧ ಗಾಡಿಯು ಠಾಣೆಯಲ್ಲಿ ನಿಂತಾಗ ಇಳಿಯುವ ಗಂಟುಗಳನ್ನು ನೋಡಿದರೆ ಸಾಕು: ಹಲಸಿನ ಹಪ್ಪಳ, ಉಪ್ಪಿನಕಾಯಿಯ ಭರಣಿ, ಕುಚ್ಚಲಕ್ಕಿ. ಈ ಸಲ ಅವುಗಳ ನಡುವೆ ಒದ್ದೆ ಪತ್ರಿಕೆಯಲ್ಲಿ ಸುತ್ತಿದ ಕೆಂಪು ಬಸಳೆಯ ನಾಲ್ಕು ದಂಟುಗಳೂ ಇರಲಿ. ಸುತ್ತುವಾಗ ಬುಡ ಯಾವುದು ತುದಿ ಯಾವುದೆಂದು ದಾರದಿಂದ ಗುರುತು ಕಟ್ಟಿಕೊಳ್ಳುವುದು ಒಳ್ಳೆಯದು. ಜೂನ್ ತಿಂಗಳ ಮೊದಲ ಮಳೆ ಈ ಕಡೆಗೆ ಇಳಿಯುವಷ್ಟರಲ್ಲಿ ಡಬ್ಬಕ್ಕೆ ತೂತು ಹೊಡೆದು, ಗೊಬ್ಬರ ತುಂಬಿ ಸಿದ್ಧಪಡಿಸಿಟ್ಟಿದ್ದರೆ, ಶ್ರಾವಣಕ್ಕೆ ಬಳ್ಳಿಯು ಗ್ಯಾಲರಿಯ ಸರಳನ್ನು ಹಿಡಿದಿರುತ್ತದೆ.