ಕಾರೂ ಮೊಬೈಲೂ ಮಾತನಾಡುವ ಬಗೆ

ಉತ್ತಮ ದರ್ಜೆಯ ಕಾರೊಂದು ಸರಿಯಾದ ಆರೈಕೆ ದೊರೆತರೆ ಹದಿನೈದು ಇಪ್ಪತ್ತು ವರ್ಷಗಳವರೆಗೆ ಓಡಬಲ್ಲದು. ಅದರ ಒಡೆಯನ ಕಿಸೆಯಲ್ಲಿರುವ ಮೊಬೈಲ್ ಫೋನಾದರೋ ಮೂರು ನಾಲ್ಕು ವರ್ಷಗಳಲ್ಲಿಯೇ ಹಳತಾಗಿ ಮತ್ತೊಂದಕ್ಕೆ ಎಡೆ ಮಾಡಿಕೊಡುತ್ತದೆ. ಕಾರನ್ನು ಕೊಂಡಾಗ ಇದ್ದ ಮೊಬೈಲು ಒಂದು ಸಂಸ್ಥೆಯದು; ಅನಂತರ ಬಂದುದು ಇನ್ನೊಂದರದು; ಮಗಳ ಕೈಯಲ್ಲಿರುವುದು ಮೂರನೆಯದು. ಇವೆಲ್ಲವೂ ಅದೇ ಕಾರಿನ ಧ್ವನಿವರ್ಧಕಗಳ ಮೂಲಕ ಹಾಡಬೇಕು, ಕರೆ ಬಂದರೆ ಮಾತನಾಡಬೇಕು. ಅರ್ಧ ಕೋಟಿ ರೂಪಾಯಿ ಬೆಲೆಯ ಕಾರಿನಲ್ಲಿ ಎಂಜಿನ್ನು, ಚಕ್ರ, ಆಸನಗಳೆಲ್ಲ ಹೊಸದರಂತೆಯೇ ಇದ್ದು, ಹಾಡು ಮಾತ್ರ ಕೇಳಿಸದೆ ಹೋಗುವ ಪ್ರಸಂಗ ವಿರಳವಲ್ಲ. ಅಲ್ಲಿ ಎರಡು ಯಂತ್ರಗಳಲ್ಲಿ ಯಾವುದೂ ಕೆಟ್ಟಿರುವುದಿಲ್ಲ. ಒಂದರ ಭಾಷೆ ಮತ್ತೊಂದಕ್ಕೆ ತಿಳಿಯದಿರುವುದೇ ತೊಂದರೆಗೆ ಕಾರಣ.

ಕಾರಿನೊಳಗೆ ಸಂಗೀತವು ಮೊದಲು ಪ್ರವೇಶಿಸಿದಾಗ ಈ ಸಮಸ್ಯೆ ಇರಲಿಲ್ಲ. ೧೯೩೦ರಲ್ಲಿ ಅಮೆರಿಕದ ಪಾಲ್ ಗಾಲ್ವಿನ್ ಎಂಬ ಉದ್ಯಮಿಯ ಸಂಸ್ಥೆಯು ಕಾರಿನಲ್ಲಿ ಅಳವಡಿಸಬಹುದಾದ ರೇಡಿಯೋವನ್ನು ‘ಮೋಟೊರೋಲಾ’ ಎಂಬ ಹೆಸರಿನಿಂದ ಮಾರಾಟಕ್ಕೆ ತಂದಿತು. ಬಾನುಲಿ ಕೇಂದ್ರಗಳು ಬಿತ್ತರಿಸಿದ ತರಂಗಗಳನ್ನು ಹಿಡಿದು ಕೇಳಿಸುವುದಷ್ಟೇ ಅದರ ಕೆಲಸ. ಮುಂದೆ ಕ್ಯಾಸೆಟ್ಟು ಬಂದಿತು. ಫಿಲಿಪ್ಸ್ ಸಂಸ್ಥೆಯು ೧೯೬೩ರಲ್ಲಿ ಹೊರತಂದ ಅಳತೆಯನ್ನೇ ಉಳಿದವರೂ ಪಾಲಿಸಿದುದರಿಂದ, ಯಾವ ಊರಿನಲ್ಲಿ ಕೊಂಡ ಕ್ಯಾಸೆಟ್ಟಾದರೂ ಯಾವ ಕಾರಿನ ಬಾಯಿಗಾದರೂ ಹಿಡಿಸುತ್ತಿತ್ತು. ಸಿ.ಡಿ.ಗಳ ವಿಷಯವೂ ಹಾಗೆಯೇ.

ಹಾಡುಗಳನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವ ಕಾಲ ಬಂದಾಗ ಈ ಸರಳತೆ ಮಾಯವಾಯಿತು. ಆಪಲ್ ಸಂಸ್ಥೆಯು ೨೦೦೧ರಲ್ಲಿ ಐಪಾಡನ್ನು ಹೊರತಂದಿತು. ೨೦೦೪ರಲ್ಲಿ ಜರ್ಮನಿಯ ಬಿ.ಎಂ.ಡಬ್ಲ್ಯು. ಸಂಸ್ಥೆಯು ತನ್ನ ಕೆಲವು ಕಾರುಗಳಲ್ಲಿ ಅದನ್ನು ಜೋಡಿಸುವ ಸಾಧನವನ್ನು ಒದಗಿಸಿತು. ಚಾಲಕನ ಪಕ್ಕದ ಆಸನದ ಮುಂದಿರುವ ಪುಟ್ಟ ಪೆಟ್ಟಿಗೆಯಲ್ಲಿ ಐಪಾಡನ್ನಿಟ್ಟು ತಂತಿಗೆ ಸಿಕ್ಕಿಸಿದರೆ, ಸ್ಟಿಯರಿಂಗಿನ ಮೇಲಿನ ಗುಂಡಿಗಳಿಂದಲೇ ಹಾಡನ್ನು ಬದಲಿಸಬಹುದಾಗಿತ್ತು. ಆ ತಂತಿಯ ತುದಿಯಲ್ಲಿದ್ದುದು ಅಗಲವಾದ, ೩೦ ಸಂಪರ್ಕ ಬಿಂದುಗಳ ಜೋಡಣೆ. ಇತರ ಕಾರು ತಯಾರಕರೂ ಇದೇ ಹಾದಿಯನ್ನು ಹಿಡಿದರು.

ಆ ಜೋಡಣೆಯ ಆಯುಷ್ಯ ದೀರ್ಘವಾಗಲಿಲ್ಲ. ಅದರ ಮೂಲಕ ವಿದ್ಯುತ್ತನ್ನು ಒಯ್ಯಲು ಎರಡು ಏರ್ಪಾಡುಗಳಿದ್ದವು: ಫೈರ್‌ವೈರ್ ಎಂಬುದು ೧೨ ವೋಲ್ಟಿನದು, ಯು.ಎಸ್.ಬಿ. ಎಂಬುದು ೫ ವೋಲ್ಟಿನದು. ಕಾರಿನ ಬ್ಯಾಟರಿಯೂ ೧೨ ವೋಲ್ಟಿನದೇ ಆದ್ದರಿಂದ ಕಾರಿಗಾಗಿ ತಯಾರಾದ ಹಲವು ಸಾಧನಗಳು ಮೊದಲನೆಯದನ್ನೇ ಬಳಸಿದ್ದವು. ೨೦೦೮ರಲ್ಲಿ ಬಂದ ಹೊಸ ಐಫೋನ್ ಆ ೧೨ ವೋಲ್ಟಿನ ದಾರಿಯನ್ನು ಕೈಬಿಟ್ಟಿತು. ಆಕಾರ ಅದೇ, ತಂತಿ ಅದೇ; ಹಾಡು ಕೇಳಿಸುತ್ತಿತ್ತು, ಆದರೆ ಫೋನು ಚಾರ್ಜ್ ಆಗುತ್ತಿರಲಿಲ್ಲ! ೨೦೧೨ರಲ್ಲಿ ಆ ಅಗಲವಾದ ಜೋಡಣೆಯೇ ಹೋಗಿ ‘ಲೈಟ್‌ನಿಂಗ್’ ಎಂಬ ಚಿಕ್ಕದು ಬಂದಿತು. ಯುರೋಪಿನ ಒಕ್ಕೂಟವು ೨೦೨೪ರ ಅಂತ್ಯದಿಂದ ಎಲ್ಲ ಹೊಸ ಫೋನುಗಳಿಗೂ ಒಂದೇ ಬಗೆಯ ಕಿಂಡಿ ಇರಬೇಕೆಂದು ಕಾನೂನು ಮಾಡಿದ ಬಳಿಕ, ೨೦೨೩ರಲ್ಲಿ, ಅದೂ ಹೋಗಿ ಯು.ಎಸ್.ಬಿ. ‘ಸಿ’ ಬಂದಿತು. ಇಪ್ಪತ್ತೇ ವರ್ಷಗಳಲ್ಲಿ ಒಂದೇ ಸಂಸ್ಥೆಯ ಫೋನಿನ ಬಾಯಿ ಮೂರು ಆಕಾರಗಳನ್ನು ತಾಳಿತು. ಅಷ್ಟರಲ್ಲಿ ಕಾರು ಒಂದೇ ಆಗಿತ್ತು.

ಹಾಗಾದರೆ ಕಾರಿನ ಹಳೆಯ ರೇಡಿಯೋವನ್ನು ಕಿತ್ತು ಹೊಸದನ್ನು ಕೂರಿಸಬಾರದೇಕೆ? ಸಾಧಾರಣ ಕಾರಿನಲ್ಲಿ ಇದು ಅರ್ಧ ದಿನದ ಕೆಲಸ. ಐಷಾರಾಮಿ ಕಾರಿನಲ್ಲಿ ಅಷ್ಟು ಸುಲಭವಲ್ಲ. ಅಲ್ಲಿ ಧ್ವನಿ ವ್ಯವಸ್ಥೆಯು ಒಂದೇ ಪೆಟ್ಟಿಗೆಯಲ್ಲಿರದೆ ಕಾರಿನ ಉದ್ದಕ್ಕೂ ಹರಡಿಕೊಂಡಿರುತ್ತದೆ. ೨೦೦೧ರಲ್ಲಿ ಬಂದ ಬಿ.ಎಂ.ಡಬ್ಲ್ಯು. ಏಳನೆಯ ಶ್ರೇಣಿಯ ಕಾರಿನಲ್ಲಿ, ಮತ್ತು ಅನಂತರ ಇತರ ಹಲವು ದುಬಾರಿ ಕಾರುಗಳಲ್ಲಿ, ರೇಡಿಯೋ, ಸಿ.ಡಿ. ಯಂತ್ರ, ಧ್ವನಿವರ್ಧನೆಯ ಪೆಟ್ಟಿಗೆ, ದೂರವಾಣಿ ಇವೆಲ್ಲವನ್ನೂ ‘ಮೋಸ್ಟ್’ ಎಂಬ ಬೆಳಕಿನ ಎಳೆಯ ಜಾಲದಿಂದ ಬೆಸೆಯಲಾಯಿತು. ತಾಮ್ರದ ತಂತಿಯ ಬದಲು ಪ್ಲಾಸ್ಟಿಕ್ಕಿನ ತೆಳ್ಳನೆಯ ಎಳೆಯೊಳಗೆ ಕೆಂಪು ಬೆಳಕಿನ ಮಿಣುಕುಗಳ ರೂಪದಲ್ಲಿ ಸಂಗೀತ ಹರಿಯುತ್ತದೆ. ಎಂಜಿನ್ನಿನ ವಿದ್ಯುತ್ ಕಿಡಿಗಳ ಗರಗರ ಸದ್ದು ಬೆಳಕನ್ನು ಮುಟ್ಟಲಾರದು. ಆದರೆ ಈ ಜಾಲವು ಬಳೆಯಾಕಾರದ್ದು. ಕೈಯಿಂದ ಕೈಗೆ ಬಿಂದಿಗೆಯನ್ನು ದಾಟಿಸುವವರ ಸಾಲಿನಲ್ಲಿ ಒಬ್ಬ ಎದ್ದುಹೋದರೆ ನೀರು ಅಲ್ಲಿಗೇ ನಿಲ್ಲುವಂತೆ, ಒಂದು ಪೆಟ್ಟಿಗೆ ಕೆಟ್ಟರೆ ಇಡೀ ಕಾರು ಮೂಕವಾಗುತ್ತದೆ. ಮೇಲಾಗಿ ಕಾರಿನ ಸೂಚನೆಗಳು ಮೂಡುವುದೂ ಸಂಗೀತ ವ್ಯವಸ್ಥೆಯ ಪರದೆಯ ಮೇಲೆಯೇ. ಆದ್ದರಿಂದ ಅದನ್ನು ಕೀಳುವುದೆಂದರೆ ಗೋಡೆಯಿಂದ ಒಂದು ಕಲ್ಲನ್ನು ಕಿತ್ತಂತೆ. ಹೆಚ್ಚು ಬೆಲೆಯ ಕಾರೇ ಬೇಗ ಕಿವುಡಾಗುವುದರ ಗುಟ್ಟು ಇದು.

ತಂತಿಯ ಈ ಜಂಜಾಟದಿಂದ ಬಿಡುಗಡೆಯ ಹಾದಿಯನ್ನು ತೋರಿಸಿದುದು ಬ್ಲೂಟೂತ್. ಸ್ವೀಡನ್ನಿನ ಎರಿಕ್ಸನ್ ಸಂಸ್ಥೆಯಲ್ಲಿ ೧೯೯೪ರಲ್ಲಿ ಇದರ ಕೆಲಸ ಮೊದಲಾಯಿತು. ಯಾಪ್ ಹಾರ್ಟ್ಸನ್ ಮತ್ತು ಸ್ವೆನ್ ಮಾಟಿಸನ್ ಅದರ ಪ್ರಮುಖ ಶಿಲ್ಪಿಗಳು. ೧೯೯೮ರಲ್ಲಿ ಎರಿಕ್ಸನ್, ನೋಕಿಯಾ, ಇಂಟೆಲ್, ಐ.ಬಿ.ಎಂ., ತೋಷಿಬಾ ಎಂಬ ಐದು ಸಂಸ್ಥೆಗಳು ಕೂಡಿ ಇದನ್ನು ಎಲ್ಲರಿಗೂ ಸಮಾನವಾದ ನಿಯಮಾವಳಿಯನ್ನಾಗಿ ರೂಪಿಸಲು ಒಂದು ಕೂಟವನ್ನು ಕಟ್ಟಿದವು. ಹತ್ತನೆಯ ಶತಮಾನದಲ್ಲಿ ಡೆನ್ಮಾರ್ಕನ್ನು ಆಳಿದ ಹೆರಾಲ್ಡ್ ಎಂಬ ಅರಸನಿಗೆ ‘ನೀಲಿ ಹಲ್ಲಿನವ’ ಎಂಬ ಅಡ್ಡಹೆಸರಿತ್ತು. ಚದುರಿಹೋಗಿದ್ದ ಜನರನ್ನು ಅವನು ಒಂದುಗೂಡಿಸಿದನೆಂಬ ಕಾರಣಕ್ಕೆ ಇಂಟೆಲ್ಲಿನ ಜಿಮ್ ಕಾರ್ಡಾಕ್ ಆ ಹೆಸರನ್ನು ಸೂಚಿಸಿದನು. ಇಂದು ಫೋನಿನ ಪರದೆಯ ಮೇಲೆ ಕಾಣುವ ಆ ವಿಚಿತ್ರ ಗುರುತು ಅರಸನ ಹೆಸರಿನ ಎರಡು ಮೊದಲಕ್ಷರಗಳನ್ನು ಪ್ರಾಚೀನ ಲಿಪಿಯಲ್ಲಿ ಬೆಸೆದು ಮಾಡಿದುದು.

ಬ್ಲೂಟೂತ್ ಕೂಡ ರೇಡಿಯೋ ತರಂಗವೇ. ಅದರ ಆವೃತ್ತಿ ಸುಮಾರು ೨.೪ ಗಿಗಾಹರ್ಟ್ಸ್, ಎಂದರೆ ಸೆಕೆಂಡಿಗೆ ೨೪೦ ಕೋಟಿ ಕಂಪನಗಳು. ಈ ಪಟ್ಟಿಯನ್ನು ಬಳಸಲು ಲೈಸೆನ್ಸು ಬೇಕಿಲ್ಲವಾದ್ದರಿಂದ ಅಲ್ಲಿ ಸದಾ ಸಂತೆಯ ಗದ್ದಲ: ವೈಫೈ ಅಲ್ಲಿಯೇ, ಮೈಕ್ರೋವೇವ್ ಒಲೆಯ ಸೋರಿಕೆಯೂ ಅಲ್ಲಿಯೇ. ಈ ಗದ್ದಲದಲ್ಲಿ ಪಾರಾಗಲು ಬ್ಲೂಟೂತ್ ಒಂದು ಉಪಾಯವನ್ನು ಹೂಡುತ್ತದೆ. ಪಟ್ಟಿಯನ್ನು ೭೯ ಓಣಿಗಳಾಗಿ ವಿಂಗಡಿಸಿಕೊಂಡು, ಸೆಕೆಂಡಿಗೆ ೧,೬೦೦ ಸಲ ಓಣಿಯಿಂದ ಓಣಿಗೆ ಜಿಗಿಯುತ್ತದೆ. ಯಾವ ಕ್ಷಣದಲ್ಲಿ ಯಾವ ಓಣಿ ಎಂಬುದು ಫೋನಿಗೂ ಕಾರಿಗೂ ಮಾತ್ರ ಮೊದಲೇ ಗೊತ್ತು. ಒಂದು ಓಣಿಯಲ್ಲಿ ಮಾತು ಕಳೆದುಹೋದರೂ ಮುಂದಿನದರಲ್ಲಿ ಅದನ್ನು ಮತ್ತೆ ಹೇಳಬಹುದು. ಇಂಥದೇ ಆಲೋಚನೆಗೆ ೧೯೪೨ರಲ್ಲಿಯೇ ಹೆಡಿ ಲಮಾರ್ ಎಂಬ ಚಲನಚಿತ್ರ ನಟಿಯೂ ಜಾರ್ಜ್ ಆಂಥೈಲ್ ಎಂಬ ಸಂಗೀತಗಾರನೂ ಅಮೆರಿಕದಲ್ಲಿ ಪೇಟೆಂಟ್ ಪಡೆದಿದ್ದರು. ಯುದ್ಧದ ಟಾರ್ಪಿಡೋವನ್ನು ಶತ್ರುವಿಗೆ ತಿಳಿಯದಂತೆ ನಡೆಸುವುದು ಅವರ ಉದ್ದೇಶ. ಅವರು ಯೋಚಿಸಿದ ಓಣಿಗಳು ೮೮, ಪಿಯಾನೋದ ಮನೆಗಳಷ್ಟು.

ಫೋನು ಮತ್ತು ಕಾರು ಮೊದಲ ಸಲ ಭೇಟಿಯಾದಾಗ ಎರಡರ ಪರದೆಗಳ ಮೇಲೂ ಆರು ಅಂಕಿಗಳ ಒಂದೇ ಸಂಖ್ಯೆ ಮೂಡುತ್ತದೆ. ನಡುವೆ ಬೇರಾವ ಯಂತ್ರವೂ ನುಸುಳಿಲ್ಲವೆಂಬುದಕ್ಕೆ ಅದು ಸಾಕ್ಷಿ. ಒಪ್ಪಿಗೆಯಾದೊಡನೆ ಎರಡೂ ಒಂದು ರಹಸ್ಯ ಕೀಲಿಯನ್ನು ಲೆಕ್ಕ ಹಾಕಿ ತಮ್ಮ ತಮ್ಮ ನೆನಪಿನಲ್ಲಿ ಇರಿಸಿಕೊಳ್ಳುತ್ತವೆ. ಮರುದಿನ ಕೇಳದೆಯೇ ಕೂಡಿಕೊಳ್ಳುತ್ತವೆ. ಒಂದರಲ್ಲಿ ಕೀಲಿ ಅಳಿಸಿಹೋಗಿ ಇನ್ನೊಂದರಲ್ಲಿ ಉಳಿದರೆ ಮಾತ್ರ ಪೇಚಾಟ. ಆಗ ಎರಡರಿಂದಲೂ ಹಳೆಯ ಹೆಸರನ್ನು ಅಳಿಸಿ ಪರಿಚಯವನ್ನು ಮೊದಲಿನಿಂದ ಮಾಡಿಸಬೇಕು. ಎಷ್ಟೋ ಮಂದಿ ಫೋನಿನಿಂದ ಮಾತ್ರ ಅಳಿಸಿ, ಕಾರಿನಿಂದ ಅಳಿಸುವುದನ್ನು ಮರೆತು, ಕಾರು ಕೆಟ್ಟಿತೆಂದು ಕಾರ್ಖಾನೆಗೆ ಒಯ್ಯುವುದುಂಟು.

ಪರಿಚಯವಾದ ಮಾತ್ರಕ್ಕೆ ಎಲ್ಲ ವ್ಯವಹಾರವೂ ಸಾಗಬೇಕೆಂದಿಲ್ಲ. ಬ್ಲೂಟೂತ್‌ನಲ್ಲಿ ಪ್ರತಿಯೊಂದು ಕೆಲಸಕ್ಕೂ ಬೇರೆ ಬೇರೆ ಒಪ್ಪಂದಗಳಿವೆ. ದೂರವಾಣಿಯ ಮಾತಿಗೆ ಒಂದು, ಸಂಗೀತಕ್ಕೆ ಇನ್ನೊಂದು, ‘ಮುಂದಿನ ಹಾಡು’ ಎಂಬ ಆಜ್ಞೆಗೆ ಮತ್ತೊಂದು. ೨೦೦೦ದ ದಶಕದ ಹಲವು ದುಬಾರಿ ಕಾರುಗಳು ಮೊದಲನೆಯದನ್ನು ಮಾತ್ರ ಕಲಿತು ಕಾರ್ಖಾನೆಯಿಂದ ಹೊರಬಂದವು. ಅವುಗಳಲ್ಲಿ ಕರೆ ಸ್ಪಷ್ಟವಾಗಿ ಕೇಳಿಸುತ್ತದೆ, ಹಾಡು ಬರುವುದೇ ಇಲ್ಲ.

ಸಂಗೀತದ ಒಪ್ಪಂದ ಇದ್ದಲ್ಲಿಯೂ ಇನ್ನೊಂದು ಚೌಕಾಸಿ ಉಂಟು. ಸಿ.ಡಿ.ಯ ಗುಣಮಟ್ಟದ ಧ್ವನಿಗೆ ಸೆಕೆಂಡಿಗೆ ಸುಮಾರು ೧೪ ಲಕ್ಷ ಬಿಟ್‌ಗಳ ಮಾಹಿತಿ ಬೇಕು. ಹಿಂದೆ ತಂತಿ ಕಳುಹಿಸುತ್ತಿದ್ದವರು ಅರ್ಥ ಕೆಡದಂತೆ ಪದಗಳನ್ನು ಉಳಿಸುತ್ತಿದ್ದ ಹಾಗೆ, ಫೋನು ಈ ಮಾಹಿತಿಯನ್ನು ಸಂಕ್ಷೇಪಿಸಿ ಕಳುಹಿಸುತ್ತದೆ. ಸಂಕ್ಷೇಪಿಸುವ ವಿಧಾನಗಳು ಹಲವು: ಆಪಲ್ ಫೋನುಗಳು ಎ.ಎ.ಸಿ. ಎಂಬುದನ್ನು ಬಲ್ಲವು, ಇತರ ಹಲವು ಫೋನುಗಳು ಸೋನಿಯ ಎಲ್‌ಡ್ಯಾಕ್ ಮುಂತಾದವನ್ನೂ ಬಲ್ಲವು. ಕಾರಿಗೂ ಅದು ಗೊತ್ತಿದ್ದರೆ ಸರಿ. ಇಲ್ಲವಾದರೆ ಎಲ್ಲರೂ ಕಡ್ಡಾಯವಾಗಿ ಕಲಿಯಬೇಕಾದ ಎಸ್.ಬಿ.ಸಿ. ಎಂಬ ಸಾಮಾನ್ಯ ವಿಧಾನಕ್ಕೆ ಇಬ್ಬರೂ ಇಳಿಯುತ್ತಾರೆ. ಒಂದೇ ಹಾಡು, ಒಂದೇ ಕಾರು. ಆದರೂ ಅಣ್ಣನ ಫೋನಿನಲ್ಲಿ ಒಂದು ಸೊಗಸು, ತಂಗಿಯ ಫೋನಿನಲ್ಲಿ ಇನ್ನೊಂದು ಸೊಗಸು ಎನಿಸುವುದಕ್ಕೆ ಇದೂ ಒಂದು ಕಾರಣ.

ಫೋನು ಬರೀ ಹಾಡುವ ಪೆಟ್ಟಿಗೆಯಾಗಿರದೆ ದಾರಿ ತೋರುವ ನಕ್ಷೆಯೂ ಆದ ಮೇಲೆ ಮತ್ತೊಂದು ಅಪಾಯ ತಲೆದೋರಿತು. ಗಂಟೆಗೆ ೬೦ ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಮೂರು ಸೆಕೆಂಡುಗಳಲ್ಲಿ ೫೦ ಮೀಟರ್ ದೂರ ಸಾಗುತ್ತದೆ. ಚಾಲಕನು ಕೈಯಲ್ಲಿರುವ ಫೋನನ್ನು ಅಷ್ಟು ಹೊತ್ತು ನೋಡಿದರೆ ಆ ೫೦ ಮೀಟರುಗಳನ್ನು ಕಣ್ಣುಮುಚ್ಚಿ ಕ್ರಮಿಸಿದಂತೆಯೇ ಸರಿ. ಭಾರತದ ಮೋಟಾರು ವಾಹನ ಕಾಯಿದೆಗೆ ೨೦೧೯ರಲ್ಲಿ ಬಂದ ತಿದ್ದುಪಡಿಯು, ಚಾಲನೆಯ ವೇಳೆಯಲ್ಲಿ ಫೋನನ್ನು ಕೈಯಲ್ಲಿ ಹಿಡಿದು ಬಳಸುವುದನ್ನು ಅಪಾಯಕಾರಿ ಚಾಲನೆ ಎಂದೇ ಎಣಿಸಿದೆ. ೨೦೧೪ರಲ್ಲಿ ಆಪಲ್ಲಿನ ‘ಕಾರ್‌ಪ್ಲೇ’, ೨೦೧೫ರಲ್ಲಿ ಗೂಗಲ್ಲಿನ ‘ಆಂಡ್ರಾಯ್ಡ್ ಆಟೋ’ ಬಳಕೆಗೆ ಬಂದವು. ಇವುಗಳಲ್ಲಿ ಆಲೋಚನೆಯೆಲ್ಲ ಫೋನಿನದು. ಕಾರಿನ ಪರದೆ ಬರೀ ಹಲಗೆ. ಫೋನು ಚಿತ್ರವನ್ನು ಬರೆದು ಕಳುಹಿಸುತ್ತದೆ, ಕಾರು ಚಾಲಕನ ಬೆರಳಿನ ಸ್ಪರ್ಶವನ್ನು ಮರಳಿಸುತ್ತದೆ. ತಂತಿಯಿಲ್ಲದ ಬಗೆಯಲ್ಲಿ ಬ್ಲೂಟೂತ್ ಪರಿಚಯ ಮಾಡಿಸಿ ಸರಿದುಕೊಳ್ಳುತ್ತದೆ. ಭಾರವನ್ನು ಹೊರುವುದು ವೈಫೈ. ಹೀಗೆ ಫೋನು ಹೊಸದಾದಂತೆಲ್ಲ ಹಳೆಯ ಕಾರಿನ ಪರದೆಯೂ ಹೊಸದಾಗತೊಡಗಿತು.

ಕಾರು ತಯಾರಕರಿಗೆ ಇದು ಪೂರ್ತಿ ಹಿತವೆನಿಸಲಿಲ್ಲ. ತಮ್ಮ ಕಾರಿನ ಮುಖವನ್ನೇ ಬೇರೆಯವರ ವಶಕ್ಕೆ ಒಪ್ಪಿಸಿದಂತಾಗುವುದಷ್ಟೆ. ಬಿ.ಎಂ.ಡಬ್ಲ್ಯು. ಅಮೆರಿಕದಲ್ಲಿ ಕಾರ್‌ಪ್ಲೇ ಬಳಕೆಗೆ, ಮೊದಲ ವರ್ಷ ಕಳೆದ ಮೇಲೆ, ವರ್ಷಕ್ಕೆ ೮೦ ಡಾಲರ್ ಶುಲ್ಕ ವಿಧಿಸಿ, ಗಿರಾಕಿಗಳು ಗೊಣಗಿದ ಬಳಿಕ ೨೦೧೯ರ ಡಿಸೆಂಬರಿನಲ್ಲಿ ಅದನ್ನು ಕೈಬಿಟ್ಟಿತು. ಜನರಲ್ ಮೋಟಾರ್ಸ್ ಸಂಸ್ಥೆಯು ತನ್ನ ಮುಂದಿನ ವಿದ್ಯುತ್ ಕಾರುಗಳಲ್ಲಿ ಇವೆರಡಕ್ಕೂ ಎಡೆಯಿಲ್ಲವೆಂದು ೨೦೨೩ರಲ್ಲಿ ಸಾರಿತು. ಲಕ್ಷಗಟ್ಟಲೆ ತೆತ್ತು ಕಾರನ್ನು ಕೊಂಡವನು ತನ್ನದೇ ಫೋನನ್ನು ಅದಕ್ಕೆ ಜೋಡಿಸಲು ಮತ್ತೆ ಹಣ ಕೊಡಬೇಕೆಂಬುದು ನ್ಯಾಯವೆನಿಸದು.

ಈ ಎಲ್ಲ ಹೊಸ ಏರ್ಪಾಡುಗಳ ನಡುವೆ ಕೆಲವು ಹಳೆಯ ಕಾರುಗಳ ಮೂಲೆಯಲ್ಲಿ ೩.೫ ಮಿಲಿಮೀಟರ್ ಅಗಲದ ಒಂದು ಸಣ್ಣ ರಂಧ್ರ ಇನ್ನೂ ಉಳಿದಿದೆ. ಹತ್ತೊಂಬತ್ತನೆಯ ಶತಮಾನದ ದೂರವಾಣಿ ಕೇಂದ್ರಗಳಲ್ಲಿ ಕರೆಗಳನ್ನು ಜೋಡಿಸಲು ಬಳಸುತ್ತಿದ್ದ ಕಾಲಂಗುಲದ ಪ್ಲಗ್ಗಿನ ವಂಶಕ್ಕೆ ಸೇರಿದುದು ಇದು. ಇಲ್ಲಿ ಹರಿಯುವುದು ಅಂಕಿಗಳಲ್ಲ, ಶಬ್ದದ ಏರಿಳಿತವನ್ನೇ ಅನುಸರಿಸಿ ಏರಿಳಿಯುವ ವಿದ್ಯುತ್ತು. ಆದ್ದರಿಂದ ಭಾಷೆಯ ಪ್ರಶ್ನೆಯಿಲ್ಲ, ಪರಿಚಯ ಬೇಕಿಲ್ಲ, ಕೀಲಿಯೂ ಬೇಡ. ೨೦೧೬ರಿಂದ ಐಫೋನು ಈ ರಂಧ್ರವನ್ನು ತೊರೆದಿದೆ. ಇತರ ಹಲವು ಫೋನುಗಳೂ ಅದೇ ದಾರಿ ಹಿಡಿದಿವೆ. ಆದರೂ ಬೆರಳುದ್ದದ ಒಂದು ಕೊಂಡಿಯನ್ನು ನಡುವೆ ಸಿಕ್ಕಿಸಿದರೆ ಸಾಕು, ೨೦೦೬ರ ಕಾರು ಇಂದಿನ ಯಾವ ಫೋನಿನ ಹಾಡನ್ನಾದರೂ ಕೇಳಿಸುತ್ತದೆ.