ಎರೆಹೊಲದ ಸೀರೆ, ಕುಬಸ

ಹುನಗುಂದ ತಾಲೂಕಿನ ರಾಮಥಾಳವೆಂದೊಡನೆ ಈಗಿನವರಿಗೆ ಹನಿ ನೀರಾವರಿಯ ಯೋಜನೆ ನೆನಪಾಗುತ್ತದೆ. ಕೊಳವೆಯ ನೀರು ಬರುವುದಕ್ಕೆ ಮೊದಲು ಈ ಸೀಮೆ ಮಳೆಯನ್ನೇ ನಂಬಿದ ಎರೆಯ ಭೂಮಿಯಾಗಿದ್ದಿತು; ಬಿಳಿಜೋಳ, ಹತ್ತಿ, ಕುಸುಬೆ ಇಲ್ಲಿಯ ಮುಖ್ಯ ಬೆಳೆಗಳು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಹೊಲಗಳಲ್ಲಿ ದುಡಿದ ಹೆಣ್ಣುಮಕ್ಕಳು ದಿನವೂ ಏನನ್ನುಟ್ಟಿದ್ದರು? ಮದುವೆಯ ಸೀರೆಗಳನ್ನು ಕುರಿತು ಬರೆದವರು ಹಲವರಿದ್ದಾರೆ. ಕಸ ತೆಗೆಯುವಾಗ ಉಟ್ಟ ಸೀರೆಯ ಗೋಜಿಗೆ ಹೋದವರು ವಿರಳ. ಆದುದರಿಂದ ವಾಚಕರು ಈ ಸಾಮಾನ್ಯ ವಿಷಯಕ್ಕೆ ಸ್ವಲ್ಪ ಕಿವಿಗೊಡಬೇಕೆಂದು ಪ್ರಾರ್ಥನೆ.

ಉಡುಗೆಯೆಂದರೆ ಎರಡೇ ಅರಿವೆ: ಒಂದು ಸೀರೆ, ಒಂದು ಕುಬಸ. ಸೀರೆಯ ಉದ್ದ ಹದಿನಾರು ಮೊಳ, ಹದಿನೆಂಟು ಮೊಳ. ಅಂದರೆ 8 ಅಥವಾ 9 ಗಜ. ಬಡ ಒಕ್ಕಲಿನವಳಿಗೆ ಇಷ್ಟುದ್ದದ ಬಟ್ಟೆ ಏತಕ್ಕೆಂದು ಇಂದಿನ ತರುಣಿಯರು ಕೇಳಬಹುದು. ಒಳಗೆ ಲಂಗವಿಲ್ಲದೆ ಮೈ ಮುಚ್ಚಬೇಕು, ಕಚ್ಚೆಗೂ ಬಟ್ಟೆ ಒದಗಬೇಕು, ತಲೆಯ ಮೇಲೆ ಸೆರಗೂ ನಿಲ್ಲಬೇಕು; ಇದೇ ಕಾರಣ. ನಿರಿಗೆಯ ನಡುವಿನ ಭಾಗವನ್ನು ಕಾಲುಗಳ ನಡುವೆ ಹಿಂದಕ್ಕೆ ತಂದು ನಡುವಿಗೆ ಸಿಕ್ಕಿಸಿದರೆ ಆಯಿತು. ಕುಕ್ಕರಗಾಲಿನಲ್ಲಿ ಕುಳಿತು ಸಾಲುಸಾಲಾಗಿ ಕಸ ತೆಗೆಯಲೂ, ಹಳ್ಳ ದಾಟಲೂ, ಕಣದಲ್ಲಿ ತೆನೆ ಮುರಿಯಲೂ ಅಡ್ಡಿಯಿಲ್ಲ. ಎಲ್ಲ ಮನೆತನಗಳಲ್ಲಿಯೂ ಕಚ್ಚೆಯ ರೂಢಿಯಿರಲಿಲ್ಲ. ನಿರಿಗೆಯನ್ನು ಕಾಲ ಮೇಲೆ ಇಳಿಬಿಡುವವರು ಹೊಲಕ್ಕಿಳಿದಾಗ ಸೀರೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು.

ಈ ಸೀರೆಯಲ್ಲಿ ನನಗೆ ಎಲ್ಲಕ್ಕಿಂತ ಹಿರಿದಾಗಿ ತೋರುವುದು ಉಡಿ. ಸೆರಗನ್ನು ಮುಂದಕ್ಕೆ ತಂದು ನಡುವಿಗೆ ಕಟ್ಟಿದೊಡನೆ ಅದು ಚೀಲವಾಗುತ್ತದೆ. ಬಿತ್ತುವಾಗ ಹೆಂಗಸು ಉಡಿಯಲ್ಲಿ ಬೀಜ ಕಟ್ಟಿಕೊಂಡು ಕೂರಿಗೆಯ ಹಿಂದೆ ನಡೆಯುತ್ತ ಬಟ್ಟಲಿಗೆ ಹಿಡಿಹಿಡಿಯಾಗಿ ಬಿಡುತ್ತಾಳೆ. ಹತ್ತಿ ಬಿಡಿಸುವಾಗ ಅದೇ ಉಡಿಯಲ್ಲಿ ಅರಳೆ ತುಂಬುತ್ತದೆ. ಹಬ್ಬದ ದಿನ ಮುತ್ತೈದೆಯರು ಅಕ್ಕಿ, ಕೊಬ್ಬರಿ, ಅಡಕೆ, ಅರಿಶಿನಗಳನ್ನಿಟ್ಟು ತುಂಬುವುದೂ ಅದೇ ಉಡಿಯನ್ನು. ಕಚ್ಚೆ, ಕುಬಸಗಳು ಸಂಸ್ಕೃತದಿಂದ ಬಂದ ಮಾತುಗಳು. ಅಮರಕೋಶದ ಕೂರ್ಪಾಸಕವೇ ಕುಪ್ಪಸವಾಗಿ, ನಮ್ಮ ಸೀಮೆಯ ಬಾಯಲ್ಲಿ ಕುಬಸವಾಯಿತು. ಉಡಿಯಾದರೋ ‘ಉಡು’ ಧಾತುವಿನ ಅಚ್ಚ ಕನ್ನಡದ ಕೂಸು. ಮುದಿವಯಸ್ಸಿನ ಉಪಾಧ್ಯಾಯನಿಗೆ ಇಂಥ ಪದಗಳ ಚಪಲ ಬಿಡದು, ಕ್ಷಮಿಸಬೇಕು.

ಕುಬಸಕ್ಕೆ ಗುಳೇದಗುಡ್ಡದ ಖಣ ಹೆಸರಾದುದು. ಒಂದು ಖಣದಲ್ಲಿ ಒಂದು ಕುಬಸವಾಗುತ್ತದೆ. ಬೆನ್ನು ಮುಚ್ಚಿ, ತೋಳಿನ ಅರ್ಧಕ್ಕೆ ಬಂದು, ಎದೆಯ ಕೆಳಗೆ ಎರಡು ತುದಿಗಳನ್ನು ಗಂಟು ಹಾಕಿದರೆ ಮುಗಿಯಿತು, ಗುಂಡಿಯ ಹಂಗಿಲ್ಲ. ಕೂಸಿಗೆ ಹಾಲೂಡುವ ತಾಯಿಗೆ ಇದಕ್ಕಿಂತ ಅನುಕೂಲವಾದ ಹೊಲಿಗೆ ಇನ್ನಾವುದು?

ಇನ್ನು ನೂಲು. ಮನೆಯ ಮುದುಕಿಯರು ಹಂಜಿಯಿಂದ ರಾಟೆಯ ಮೇಲೆ ತೆಗೆದ ನೂಲನ್ನು ನೇಕಾರರಿಗೆ ಒಯ್ದು ಕೊಡುವ ಕಾಲವೊಂದಿತ್ತು. ಶತಮಾನ ಮುಗಿಯುತ್ತ ಬಂದಂತೆ ಗಿರಣಿಯ ನೂಲು ಅಗ್ಗವಾಗಿ ಬಂದು ರಾಟೆ ಅಟ್ಟವೇರಿತು. ಬಣ್ಣದ ಕಥೆಯೂ ಹಾಗೆಯೇ. ಮಡ್ಡಿಬೇರಿನ ಕೆಂಪು, ನೀಲಿಗಿಡದ ಕಪ್ಪುನೀಲಿ, ಇವು ಎರೆಮಣ್ಣಿನ ಕಲೆಯನ್ನು ಮರೆಸುವ ಗಾಢ ವರ್ಣಗಳು. 1868ರಲ್ಲಿ ಜರ್ಮನಿಯ ಗ್ರೇಬೆ, ಲೀಬರ್‌ಮನ್ ಎಂಬ ರಸಾಯನಜ್ಞರು ಅಲಿಜರಿನ್ ಎಂಬ ಕೆಂಪನ್ನು ಪ್ರಯೋಗಶಾಲೆಯಲ್ಲಿಯೇ ಮಾಡಿದರು; 1897ರಲ್ಲಿ ಕೃತಕ ನೀಲಿಯೂ ಪೇಟೆಗೆ ಬಂದಿತು. ಬೇರು ಅಗೆದು ಕುದಿಸುವ ಬಣ್ಣಗಾರರ ಕಸುಬು ಕ್ರಮೇಣ ಕುಂದಿತು.

ಇಳಕಲ್ಲಿನ ನೇಕಾರರ ಜಾಣ್ಮೆಯನ್ನು ಹೇಳದಿದ್ದರೆ ಈ ಮಾತು ಅಪೂರ್ಣ. ಅಲ್ಲಿ ಸೀರೆಯ ಒಡಲಿಗೆ ಹತ್ತಿಯ ಹಾಸು, ಸೆರಗಿಗೆ ರೇಷ್ಮೆಯ ಹಾಸು. ಇವೆರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ರೇಷ್ಮೆಯ ಖರ್ಚು ಕಣ್ಣಿಗೆ ಬೀಳುವ ಕಡೆ ಮಾತ್ರ. ಮೈಗೆ ತಾಗುವುದೆಲ್ಲ ಬೆವರು ಹೀರುವ ನೂಲು. ಸೆರಗಿನ ಕೆಂಪಿನಲ್ಲಿ ಬಿಳಿಯ ಜೋಳದ ತೆನೆ, ಹಣಿಗೆ, ಕೋಟೆಯ ತೆನೆಗಳ ಸಾಲು. ಆದರೆ ಇಂಥ ಸೀರೆ ಪೆಟ್ಟಿಗೆಯಲ್ಲಿರುತ್ತಿತ್ತು; ಹೊಲಕ್ಕೆ ಬರುತ್ತಿದ್ದುದು ಬರಿಯ ನೂಲಿನ ಒರಟು ಸೀರೆ. ಹೊಸದು ಬರುವುದು ಸುಗ್ಗಿಯಾದ ಮೇಲೆ, ಅದೂ ಬೆಳೆ ಕೈಗೆ ಹತ್ತಿದರೆ.

ಕೈಗೆ ಹತ್ತದ ವರ್ಷಗಳೂ ಬಂದವು. ಧಾತು, ಈಶ್ವರ ಸಂವತ್ಸರಗಳ ಬರ, ಅಂದರೆ 1876ರಿಂದ 1878ರ ವರೆಗಿನದು, ಆಗಿನ ಕಲಾದಗಿ ಜಿಲ್ಲೆಯನ್ನು ಹಿಂಡಿಬಿಟ್ಟಿತು. 1872ರಲ್ಲಿ ಸುಮಾರು 8 ಲಕ್ಷ 16 ಸಾವಿರವಿದ್ದ ಜನಸಂಖ್ಯೆ 1881ರ ಗಣತಿಯಲ್ಲಿ 6 ಲಕ್ಷ 38 ಸಾವಿರಕ್ಕೆ ಇಳಿಯಿತು. ಜೋಳಕ್ಕೇ ಹಣವಿಲ್ಲದಾಗ ಸೀರೆ ಕೊಳ್ಳುವವರಾರು? ಒಕ್ಕಲಿಗನ ಹೊಟ್ಟೆಯೊಡನೆ ನೇಕಾರನ ಮಗ್ಗವೂ ಬರಿದಾಯಿತು. 1884ರಲ್ಲಿ ಕ್ಯಾಂಪ್‌ಬೆಲ್ ಸಾಹೇಬರು ಹೊರತಂದ ಬಿಜಾಪುರದ ಗ್ಯಾಸೆಟಿಯರಿನಲ್ಲಿ ಜಾತಿಜಾತಿಯಾಗಿ ಉಡುಗೆಯ ವರ್ಣನೆಯಿದೆ. ಉಪಕಾರದ ಗ್ರಂಥವೇ ಸರಿ. ಆದರೆ ಒಂದು ಸೀರೆಯನ್ನು ಎಷ್ಟು ವರ್ಷ ಉಟ್ಟರು, ಹರಿದಲ್ಲಿ ಹೇಗೆ ಹೊಲಿದರು ಎಂಬುದು ಗ್ಯಾಸೆಟಿಯರಿನ ಕೆಲಸವಲ್ಲ.

ಸೀರೆಯ ಬೆಲೆಯನ್ನು ತಿಳಿಯಲು ಇನ್ನೊಂದು ಮಾತು ಸಾಕು. ಗಂಡ ಸತ್ತವಳು ಮತ್ತೊಬ್ಬನ ಮನೆ ಸೇರುವುದಕ್ಕೆ ಈ ಭಾಗದ ಹಲವು ಜಾತಿಗಳಲ್ಲಿ ‘ಉಡಿಕೆ’ ಎಂದೇ ಹೆಸರು. ದೊಡ್ಡ ಮಂಟಪವಿಲ್ಲ, ವಾದ್ಯವಿಲ್ಲ; ಹೊಸ ಸೀರೆ ಉಡಿಸಿದರೆ ಸಂಬಂಧ ಕೂಡಿತು. ಮೇಲುಜಾತಿಗಳು ವಿಧವೆಗೆ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಒಕ್ಕಲುಮನೆಗಳು ಒಂದು ಸೀರೆಯಿಂದ ಆ ಬಾಗಿಲನ್ನು ತೆರೆದಿಟ್ಟಿದ್ದವೆಂಬುದನ್ನು ಪಂಡಿತರು ಗಮನಿಸಬೇಕು.

ಆ ದಿನಗಳ ನಿತ್ಯದ ಸೀರೆ ಈಗ ಪೆಟ್ಟಿಗೆಗಳಲ್ಲಿ ದೊರೆಯದಿರುವುದಕ್ಕೆ ಕಾರಣವಿದೆ. ಸವೆದ ಸೀರೆ ಮೊದಲು ತೊಟ್ಟಿಲಿನ ಜೋಲಿಯಾಯಿತು, ತಲೆಯ ಹೊರೆಗೆ ಸಿಂಬಿಯಾಯಿತು, ದೀಪಕ್ಕೆ ಬತ್ತಿಯಾಯಿತು. ಗಟ್ಟಿಯಾಗಿ ಉಳಿದ ತುಂಡುಗಳನ್ನು ಪದರಪದರವಾಗಿ ಹಾಸಿ ಮನೆಯ ಹೆಂಗಸರು ಕೌದಿ ಹೊಲಿದರು. ಕೌದಿ ಹರಿದಾಗ ಅದರ ಮೇಲೆ ಮತ್ತೊಂದು ಹಳೆಯ ಸೀರೆಯನ್ನು ಹೊದಿಸಿ ಮತ್ತೆ ಹೊಲಿದರು. ಅತ್ತೆಯ ಸೀರೆ ಒಳಗೆ, ಸೊಸೆಯದು ಹೊರಗೆ.